ಕಾವಲು ಸುತ್ತಿ ಬಂದ ಸೈಕಲ್ಲು

ನಲವತ್ತು ದಾಟಿದ ಗಂಡಸರಿಗೆ ತಾವಿನ್ನೂ ಗಟ್ಟಿಯಾಗಿದ್ದೇವೆಂದು ತೋರಿಸಿಕೊಳ್ಳುವ ಹುಕಿ ಇದ್ದಕ್ಕಿದ್ದಂತೆ ಬರುತ್ತದೆ. ಕೆಲವರು ಮೀಸೆಗೆ ಕಪ್ಪು ಹಚ್ಚುತ್ತಾರೆ. ಕೆಲವರು ಬೆಳಗಿನ ಜಾವ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದು, ಅದರ ಮಹಿಮೆಯನ್ನು ಸಂಜೆಯವರೆಗೂ ಮನೆಮಂದಿಗೆ ಹೇಳುತ್ತಾರೆ. ನನ್ನದು ಸೈಕಲ್ ಹುಕಿ. ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಗುಮಾಸ್ತನಾಗಿ ಸೇರಿದ ಹೊಸದರಲ್ಲಿ ಕೊಂಡ ಸೈಕಲ್ಲು, ಮೊಪೆಡ್ ಬಂದ ಮೇಲೆ ನಡುಮನೆಯ ದಾರಿಯಲ್ಲಿ ಗೋಡೆಗೊರಗಿ ನಿಂತಿತ್ತು. ಅದರ ಹ್ಯಾಂಡಲ್ಲಿಗೆ ಟವೆಲ್ಲು ಒಣಗುತ್ತಿತ್ತು, ಕ್ಯಾರಿಯರ್ ಮೇಲೆ ಮೆಣಸಿನಕಾಯಿ ಚೀಲ ಕೂತಿತ್ತು.

"ದಿನಾ ನನ್ನ ಸೀರೆ ಸಿಗಾಕ್ಕಂಡು ಹರೀತೈತೆ. ನಮ್ಮ ತಮ್ಮಂಗೆ ಕೊಟ್ಬಿಡ್ರಿ, ಅವನಾದ್ರೂ ತುಳೀತಾನೆ" ಎಂದಳು ನನ್ನ ಹೆಂಡತಿ ಗಿರಿಜಾ. ಆ 'ಅವನಾದ್ರೂ' ನನಗೆ ನಾಟಿತು. ನಾಯಕನಹಟ್ಟಿಯ ಮೇಲೆ ಹೋಗಿ, ಕುದಾಪುರ, ವರವು ಕಾವಲು, ದೊಡ್ಡಉಳ್ಳಾರ್ತಿ ಎಲ್ಲ ಸುತ್ತಿ ಒಂದೇ ದಿನದಲ್ಲಿ ಮನೆ ಸೇರುತ್ತೇನೆಂದು ಘೋಷಿಸಿಬಿಟ್ಟೆ. ಗಿರಿಜಾ ನಗಲಿಲ್ಲ, ಷರತ್ತು ಹಾಕಿದಳು. "ಅದರ ಮೇಲೆ ಕುಂತ್ಕಂಡೇ ಮನೆಗೆ ಬಂದ್ರೆ ಸೈಕಲ್ ಇಲ್ಲೇ ಇರ್ಲಿ. ಯಾವ್ದಾದ್ರೂ ಗಾಡಿಗೆ ಹಾಕ್ಕಂಡು ಬಂದ್ರೆ ನಮ್ಮ ತಮ್ಮಂದು." ಆಗ ನಮ್ಮಲ್ಲೇ ಬಂದು ಉಳಿದಿದ್ದ ಅತ್ತೆಯವರು, ಅಂದರೆ ಗಿರಿಜಾಳ ತಾಯಿ, ಶೇಂಗಾ ಸುಲಿಯುತ್ತ ಇದಕ್ಕೆ ಸಾಕ್ಷಿಯಾದರು.

ಭಾನುವಾರ ಬೆಳಿಗ್ಗೆ ಹೊರಟೆ. ಕುದಾಪುರ ದಾಟಿ ದನ ಮೇಯುವ ಕಾವಲಿಗೆ ಬಿದ್ದಾಗ, ಸುಳ್ಳೇಕೆ, ಮನಸ್ಸು ತುಂಬಿ ಬಂತು. ಬೇಲಿಯಿಲ್ಲ, ಮನೆಯಿಲ್ಲ, ಕಣ್ಣು ಹೋದಷ್ಟು ದೂರ ಹಣ್ಣಾದ ಹುಲ್ಲು. ಅಲ್ಲಲ್ಲಿ ಅಮೃತಮಹಲ್ ದನಗಳು ತಲೆಯೆತ್ತಿ, ಇವನ್ಯಾರು ಎಂಬಂತೆ ನೋಡಿ ಮತ್ತೆ ಮೇಯಲು ತೊಡಗಿದವು. ಎದುರುಗಾಳಿ ಮಾತ್ರ ನನ್ನ ಹೆಂಡತಿಯ ಕಡೆಯದಿರಬೇಕು. ನಾನು ಎತ್ತ ತಿರುಗಿದರೂ ಅದೂ ಅತ್ತಲಿಂದಲೇ ಬೀಸುತ್ತಿತ್ತು. ಕುರಿ ಕಾಯುತ್ತಿದ್ದ ಮುದುಕನೊಬ್ಬ ನನ್ನನ್ನು ನಿಲ್ಲಿಸಿ, "ಏನ್ ಕಳಕಂಡಿದೀರಿ?" ಎಂದ. ತಪ್ಪಿಸಿಕೊಂಡ ದನ ಹುಡುಕುವವರಲ್ಲದೆ ಬೇರೆ ಯಾರೂ ಆ ಕಡೆ ಅಲೆಯುವುದಿಲ್ಲವಂತೆ. "ಏನೂ ಇಲ್ಲ, ಸುಮ್ನೆ ಬಂದೆ" ಎಂದೆ. "ಸುಮ್ನೆ ಇಲ್ಲಿಗೆ ಎಮ್ಮೇನೂ ಬರಲ್ಲ" ಎಂದು ಹೇಳಿ ಅವನು ಕುರಿಗಳ ಹಿಂದೆ ಹೋದ.

ಅವನ ಮಾತಿಗೆ ನಗುತ್ತ ತುಳಿಯುತ್ತಿದ್ದವನು ನೇರವಾಗಿ ಒಂದು ಜಾಲಿಗಿಡಕ್ಕೆ ನುಗ್ಗಿದೆ. ಮೈಗೆ ಹೆಚ್ಚೇನೂ ಆಗಲಿಲ್ಲ. ಆದರೆ ಮುಳ್ಳಿನಿಂದ ಬಿಡಿಸಿಕೊಂಡು ಏಳುವಾಗ ಪ್ಯಾಂಟು ಹಿಂದುಗಡೆ, ಎಲ್ಲಿ ಹರಿಯಬಾರದೋ ಅಲ್ಲಿ, ಉದ್ದಕ್ಕೆ ಹರಿಯಿತು. ಆ ಸ್ಥಿತಿಯಲ್ಲಿ ಚಳ್ಳಕೆರೆ ಪೇಟೆಬೀದಿ ಹಾಯುವುದು ಸಾಧ್ಯವಿರಲಿಲ್ಲ. ದೊಡ್ಡಉಳ್ಳಾರ್ತಿಯಲ್ಲಿ ಅತ್ತೆಯವರ ತಂಗಿಯ ಮನೆಯಿತ್ತು. ಯಾವುದೋ ಮದುವೆಯಲ್ಲಿ ಆರತಿಗೆ ತನ್ನನ್ನು ಮೊದಲು ಕರೆಯಲಿಲ್ಲವೆಂದು ಅಕ್ಕನೊಡನೆ ಮಾತು ಬಿಟ್ಟ ಚಿಕ್ಕಮ್ಮ ಅವರು. ಅಕ್ಕತಂಗಿಯರ ಜಗಳಕ್ಕೂ ಪ್ಯಾಂಟಿಗೂ ಸಂಬಂಧವಿಲ್ಲ, ಚಿಕ್ಕಪ್ಪನಿಂದ ಒಂದು ಪಂಚೆ ಇಸಿದುಕೊಂಡು ಬರೋಣವೆಂದು ಹೋದೆ.

ಫೋನು ಇನ್ನೂ ಊರಿಗೆಲ್ಲೋ ಒಂದು ಎನ್ನುವ ಕಾಲ. ನಮ್ಮ ಕಡೆ ಸಾವಿನ ಸುದ್ದಿ ಬರುತ್ತಿದ್ದುದು ಸೈಕಲ್ ಮೇಲೆ. ಸುದ್ದಿ ತಂದವನು ಹೊಸಿಲು ದಾಟುವುದಿಲ್ಲ, ಕೂರುವುದಿಲ್ಲ, ನೀರು ಮುಟ್ಟುವುದಿಲ್ಲ. ಗಂಡಸರನ್ನು ಕರೆದು ಅಂಗಳದಲ್ಲೇ ಹೇಳಿ ಹೊರಟುಬಿಡುತ್ತಾನೆ. ಇದೆಲ್ಲ ನನಗೂ ಗೊತ್ತು. ಆದರೆ ಹರಿದ ಪ್ಯಾಂಟು ತೊಟ್ಟವನಿಗೆ ಆ ಹೊತ್ತಿನಲ್ಲಿ ಹೊಳೆಯಬೇಕಲ್ಲ!

ಸುಡುಬಿಸಿಲಿನಲ್ಲಿ, ತಲೆಗೆ ಟವೆಲ್ಲು ಹೊದ್ದು, ಬೆನ್ನನ್ನು ಕಾಂಪೌಂಡಿಗೆ ಒತ್ತಿಕೊಂಡು ನಿಂತೆ. ಚಿಕ್ಕಮ್ಮ ಹೊರಗೆ ಬಂದರು. "ಅಳಿಯಂದ್ರೇ! ಬರ್ರಿ ಒಳಗೆ."

"ಇಲ್ಲ, ಒಳಗೆ ಬರಲ್ಲ."

"ಕೂರಾದ್ರೂ ಕೂರ್ರಿ. ನೀರು ತರ್ತೀನಿ."

ಕೂರುವುದು ಹೇಗೆ? ನೀರು ತೆಗೆದುಕೊಳ್ಳಲು ಗೋಡೆ ಬಿಟ್ಟು ಮುಂದೆ ಬರುವುದಾದರೂ ಹೇಗೆ? "ನೀರು ಬೇಡ. ಚಿಕ್ಕಪ್ಪನ್ನ ಕರೀರಿ."

"ಯಾಕ್ರಿ? ನನ್ ಹತ್ರ ಹೇಳ್ರಿ."

"ನಿಮ್ ಹತ್ರ ಹೇಳೋ ಹಂಗಿಲ್ಲ, ಚಿಕ್ಕಮ್ಮ."

ಚಿಕ್ಕಮ್ಮ ಕೈಯಲ್ಲಿದ್ದ ಮೊರ ಕೆಳಗೆ ಹಾಕಿ, "ಅಯ್ಯೋ ನಮ್ಮಕ್ಕ! ಮಾತಾಡ್ದಂಗೇ ಹೋದ್ಯೇನೇ!" ಎಂದು ಎದೆ ಬಡಿದುಕೊಂಡರು. ಕ್ಷಣದಲ್ಲಿ ಕೇರಿಯೇ ನೆರೆಯಿತು. "ಅತ್ತೆಗೆ ಏನೂ ಆಗಿಲ್ಲ, ಹುಷಾರಾಗವ್ರೆ!" ಎಂದು ಕೂಗಿದೆ. ಪಕ್ಕದ ಮನೆಯ ಹಿರಿಯರೊಬ್ಬರು ನನ್ನ ಭುಜ ತಟ್ಟಿ, "ಸೂಕ್ಷ್ಮ ತಿಳಿದೋರು. ಒಂದೇ ಸಲಕ್ಕೆ ಹೇಳಬಾರ್ದು, ಹಿಂಗೇ ಹೇಳ್ಬೇಕು" ಎಂದು ಮೆಚ್ಚಿದರು. ಆಮೇಲೆ ನಾನು ಏನು ಹೇಳಿದರೂ ನನ್ನ ಸೂಕ್ಷ್ಮವೇ ಹೆಚ್ಚುತ್ತ ಹೋಯಿತು. ಚಿಕ್ಕಪ್ಪ ಟ್ರ್ಯಾಕ್ಟರ್ ಹೊರಡಿಸಿದರು. "ಈ ದುಃಖದಾಗೆ ಸೈಕಲ್ ತುಳಿತೀರಾ?" ಎಂದು ನನ್ನನ್ನೂ ಸೈಕಲ್ಲನ್ನೂ ಟ್ರೇಲರಿಗೆ ಹತ್ತಿಸಿದರು. ಪಂಚೆ ಕೇಳುವ ಹೊತ್ತು ಅದಲ್ಲವೆನಿಸಿ ದಾರಿಯುದ್ದಕ್ಕೂ ಸೈಕಲ್ಲಿಗೆ ಬೆನ್ನು ಕೊಟ್ಟು ನಿಂತೇ ಬಂದೆ.

ನಮ್ಮ ಮನೆಯ ಕಟ್ಟೆಯ ಮೇಲೆ ಅತ್ತೆಯವರು ಶೇಂಗಾ ಸುಲಿಯುತ್ತಿದ್ದರು. ಅಳುತ್ತ ಇಳಿದ ಚಿಕ್ಕಮ್ಮ ಅವರನ್ನು ಕಂಡವರೇ ಗಕ್ಕನೆ ನಿಂತರು. ನನಗೆ ಇನ್ನು ಉಳಿಗಾಲವಿಲ್ಲವೆಂದುಕೊಂಡೆ. ಆದರೆ ಅವರು ಓಡಿಹೋಗಿ ಅಕ್ಕನನ್ನು ತಬ್ಬಿಕೊಂಡು ಮೊದಲಿಗಿಂತ ಜೋರಾಗಿ ಅತ್ತರು. "ನಂಗೋಸ್ಕರ ಅತ್ಕಂಡು ಬಂದ್ಯೇನೇ?" ಎಂದು ಅತ್ತೆಯವರೂ ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರಾಡಿತು. ಆಮೇಲೆ ನನ್ನ ಪ್ಯಾಂಟಿನ ಕಥೆಯೆಲ್ಲ ಹೊರಬಿತ್ತು. ಅವತ್ತು ಅಕ್ಕತಂಗಿ ಒಂದೇ ತಟ್ಟೆಯಲ್ಲಿ ಉಂಡರು.

ಗಿರಿಜಾ ಮಾತ್ರ ಷರತ್ತು ಮರೆತಿರಲಿಲ್ಲ. ನೆಂಟರು ಹೊರಟ ಮೇಲೆ, "ಸೈಕಲ್ಲು ಟ್ರ್ಯಾಕ್ಟರ್‌ನಾಗೆ ಬಂತು" ಎಂದಳು. ಅತ್ತೆಯವರು ಗದರಿದರು. "ಸುಮ್ನಿರೇ. ಆ ಸೈಕಲ್ಲು ಯಾರಿಗೂ ಕೊಡ್ಬ್ಯಾಡ." ಗೆದ್ದೆನೆಂದು ನಾನು ಎದೆಯುಬ್ಬಿಸಿದೆ. ಅವರು ನನ್ನ ಕಡೆ ತಿರುಗಿ ಬಹಳ ಅಕ್ಕರೆಯಿಂದ, "ಅಳಿಯಂದ್ರೇ, ನಮ್ಮ ಇನ್ನೊಬ್ಬ ತಂಗಿ ರಾಂಪುರದಾಗವ್ಳೆ. ಅವಳೂ ಮಾತು ಬಿಟ್ಟವ್ಳೆ. ಬರೋ ಭಾನುವಾರ ಅಲ್ಲಿಗೂ ಒಂದ್ಸಲ ಹೋಗ್ಬರ್ರಿ" ಎಂದರು.

"ರಾಂಪುರಕ್ಕೆ ಬೇಕಾದಷ್ಟು ಬಸ್ಸವೆ, ಅತ್ತೆ" ಎಂದೆ, ತೊಡೆ ನೀವಿಕೊಳ್ಳುತ್ತ.

"ಬಸ್ಸಾಗೆ ಹೋದ್ರೆ ಅವಳ್ಯಾಕೆ ಅಳ್ತಾಳೆ? ಕಾಫಿ ಕುಡಿದು ಬರ್ತೀರಿ, ಅಷ್ಟೆ. ಗಿರಿಜಾ, ಆ ಪ್ಯಾಂಟು ಹೊಲೀಬ್ಯಾಡ ಕಣೇ."

ಮಾರನೆಯ ಬೆಳಿಗ್ಗೆ ಯಾರೂ ಕೇಳುವ ಮೊದಲೇ ಸೈಕಲ್ಲನ್ನು ಭಾಮೈದನ ಮನೆಗೆ ಒಪ್ಪಿಸಿ ಬಂದೆ. ತುಳಿದುಕೊಂಡು ಹೋಗಲಿಲ್ಲ, ತಳ್ಳಿಕೊಂಡೇ ಹೋದೆ. ದಾರಿಯಲ್ಲಿ ನಮ್ಮ ನೆಂಟರ ಮನೆಗಳಿವೆ.