ಒಂದು ಕಿಟಕಿಗಾಗಿ ವಿಮಾನ ಹಾರಿಸಿದ್ದು

ಸೆಪ್ಟೆಂಬರಿನ ಒಂದು ಬುಧವಾರ, ಬೆಳಗಿನ ಕಾಫಿ ಆರುವ ಮೊದಲೇ ನಾನು ತೀರ್ಮಾನಿಸಿಬಿಟ್ಟೆ: ಬೆರ್ತಾಳನ್ನು ನಾನೇ ಹಾರಿಸುತ್ತೇನೆ, ನಾನೇ ಇಳಿಸುತ್ತೇನೆ, ಅದೂ ಕ್ಲಬ್ಬಿನ ಹನ್ನೊಂದು ಗಂಡಸರ ಕಣ್ಣೆದುರಿಗೆ! ಆಕಾಶವೇನು ಇವರಪ್ಪನ ಮನೆಯದೇ?

ಬೆರ್ತಾ ನನ್ನ ಸವತಿ. ಹಳದಿ ಮೈ, ಎರಡೂವರೆ ಮೀಟರ್ ಉದ್ದದ ರೆಕ್ಕೆ. ಹೊಲಗಳಿಗೆ ಔಷಧಿ ಸಿಂಪಡಿಸುತ್ತಿದ್ದ ಹಳೇ ವಿಮಾನದ ಪುಟ್ಟ ಪಡಿಯಚ್ಚು. ನನ್ನ ಗಂಡ ರಾದಿಮ್ ಎರಡು ಚಳಿಗಾಲ ಕೂತು ಹಗುರವಾದ ಮರದ ಪಟ್ಟಿಗಳನ್ನು ಅಂಟಿಸಿ ಅವಳನ್ನು ಕಟ್ಟಿದ. ನೆಲದ ಮೇಲೆ ನಿಂತು, ಕೈಯಲ್ಲಿ ರೇಡಿಯೋ ಪೆಟ್ಟಿಗೆ ಹಿಡಿದು, ಅದರ ಎರಡು ಕಡ್ಡಿಗಳನ್ನು ಅಲ್ಲಾಡಿಸಿದರೆ ಅವಳು ಮೇಲೆ ಕುಣಿಯುತ್ತಾಳೆ. ಅವಳು ಮೊದಲ ಸಲ ಹಾರಿದ ದಿನಾಂಕ, ಗಂಟೆ, ಅಂದು ಬೀಸುತ್ತಿದ್ದ ಗಾಳಿಯ ದಿಕ್ಕು ಎಲ್ಲವೂ ರಾದಿಮ್‌ಗೆ ಬಾಯಿಪಾಠ. ನಮ್ಮಲ್ಲಿ ಪ್ರತಿ ಹೆಸರಿಗೂ ವರ್ಷಕ್ಕೊಂದು ಹಬ್ಬದ ದಿನವಿದೆ; ನನ್ನ ಆ ನಾಮದಿನ ಊರಿನ ಪ್ರತಿ ಕ್ಯಾಲೆಂಡರಿನಲ್ಲೂ ಅಚ್ಚಾಗಿರುತ್ತದೆ. ಅದು ಮಾತ್ರ ಅವನಿಗೆ ನೆನಪಿಲ್ಲ.

ಹೋಗಲಿ, ನನ್ನ ಜಗಳ ಪ್ರೀತಿಯದ್ದಲ್ಲ, ಕಿಟಕಿಯದ್ದು. ನಮ್ಮ ಮನೆಯ ಹಿತ್ತಲ ಕಡೆಗೆ ಒಂದು ಸಣ್ಣ ಕೋಣೆಯಿದೆ. ಅದಕ್ಕೊಂದು ಕಿಟಕಿಯಿದೆ ಎಂಬುದಕ್ಕೆ ಮನೆಯ ಕಾಗದಪತ್ರಗಳೇ ಆಧಾರ, ಏಕೆಂದರೆ ನಾನು ಅದನ್ನು ನೋಡಿ ನಾಲ್ಕು ವರ್ಷವಾಯಿತು. ನೆಲದಿಂದ ಚಾವಣಿಯವರೆಗೆ ವಿಮಾನಗಳು. ಆ ಕಿಟಕಿಯಾಚೆ ಒಂದು ಅಕ್ರೋಟು ಮರವಿತ್ತು; ಸಂಜೆಯ ಬಿಸಿಲು ಅದರ ಎಲೆಗಳಲ್ಲಿ ಸೋಸಿಕೊಂಡು ನೆಲಕ್ಕೆ ಇಳಿಯುತ್ತಿತ್ತು. ಈಗಲೂ ಇಳಿಯುತ್ತಿರಬೇಕು, ಏಳು ವಿಮಾನಗಳ ಬೆನ್ನ ಮೇಲೆ. ಕಾಲೇಜಿನಲ್ಲಿ ಪಾಠ ಹೇಳುವ ನಾನು ಮಾತ್ರ ಅಡುಗೆಮನೆಯಲ್ಲಿ, ಸೂಪಿನ ಪಾತ್ರೆಯ ಪಕ್ಕದಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತೇನೆ. ನನ್ನ ವಿದ್ಯಾರ್ಥಿಗಳು ಪತ್ರಿಕೆ ಕೈಗೆ ಬಂದ ಕೂಡಲೇ ಮೊದಲು ಮೂಸಿ, ನಮ್ಮ ಮನೆಯಲ್ಲಿ ಏನಡುಗೆ ಎಂದು ತಿಳಿದುಕೊಂಡು, ಆಮೇಲೆ ಅಂಕ ನೋಡುತ್ತಾರೆ.

"ರಾದಿಮ್, ಆ ಕೋಣೆ ನನಗೆ ಬೇಕು."

"ಬೆರ್ತಾ ಎಲ್ಲಿಗೆ ಹೋಗ್ಬೇಕು?"

"ಗ್ಯಾರೇಜಿಗೆ."

"ಅಲ್ಲಿ ಹೆಲಿಕಾಪ್ಟರ್‌ಗಳಿವೆ."

"ಮತ್ತೆ ನಮ್ಮ ಕಾರು?"

"ಬೀದೀಲಿದೆಯಲ್ಲ! ಕಾರು ಮಳೆ ತಡ್ಕೊಳ್ಳುತ್ತೆ ಕಣೆ, ಬೆರ್ತಾ ತಡ್ಕೊಳ್ಳಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಎರಡು ಕಡ್ಡಿ ಅಲ್ಲಾಡಿಸೋಕೆ ಇಷ್ಟು ಗತ್ತಾ? ಸೀಸನ್ನಿನ ಕೊನೇ ಭಾನುವಾರ ನಾನು ಹಾರಿಸ್ತೀನಿ ನೋಡು. ಒಂದು ಸುತ್ತು ಹೊಡೆಸಿ ಇಡಿಯಾಗಿ ಇಳಿಸಿದ್ರೆ ಕೋಣೆ ನಂದು."

"ಇಳಿಸ್ದೇ ಇದ್ರೆ?"

"ಕೋಣೆ ಅನ್ನೋ ಮಾತೇ ಎತ್ತಲ್ಲ. ಸಾಯೋವರೆಗೂ."

ಬೆರ್ತಾಳ ಪ್ರಾಣ ಒಂದು ಕಡೆ, ಜೀವನಪೂರ್ತಿ ಮೌನ ಇನ್ನೊಂದು ಕಡೆ. ರಾದಿಮ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಬಹಳ ಹೊತ್ತು ತೂಗಿ ನೋಡಿದ. ಕೊನೆಗೆ ಮೌನದ ತಟ್ಟೆಯೇ ಭಾರವಾಯಿತು. ಪಂದ್ಯ ಒಪ್ಪಿ ಕೈ ಚಾಚಿದ.

ಅವನಿಗೆ ತಿಳಿಯದ ಒಂದು ಗುಟ್ಟು ನನ್ನ ಬಳಿಯಿತ್ತು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಒಂದು ಆಟ ತಂದುಕೊಂಡಿದ್ದೆ. ಜೊತೆಗೆ ರೇಡಿಯೋ ಪೆಟ್ಟಿಗೆಯಂಥದ್ದೇ ಒಂದು ಪೆಟ್ಟಿಗೆ. ಮೂರು ವಾರ, ಅವನು ಕೆಲಸಕ್ಕೆ ಹೋದ ಮೇಲೆ, ಕಾಲೇಜಿನ ಬಸ್ಸು ಬರುವವರೆಗೆ ಹಾರಿಸಿದ್ದೇ ಹಾರಿಸಿದ್ದು! ಮೊದಲ ವಾರ ನಾನೂರು ಸಲ ಬಿದ್ದೆ. ಒಂದು ಗುಂಡಿ ಒತ್ತಿದರೆ ಸಾಕು, ಸತ್ತ ವಿಮಾನ ಮೈಮೇಲೊಂದು ಗೀರೂ ಇಲ್ಲದೆ ಎದ್ದು ನಿಲ್ಲುತ್ತಿತ್ತು. ಮೂರನೇ ವಾರಕ್ಕೆ ಸೇತುವೆಯಡಿ ನುಸುಳಿ, ತಲೆಕೆಳಗಾಗಿ ಹಾರಿ, ಹೂವಿನ ಹಾಗೆ ಇಳಿಸತೊಡಗಿದೆ. ಆ ಕೋಣೆಗೆ ಬೇಕಾದ ಮೇಜನ್ನೂ ಆರಿಸಿಟ್ಟೆ.

ಆ ಭಾನುವಾರ ಬಂತು. ನಮ್ಮ ಕ್ಲಬ್ಬಿನ ಮೈದಾನವೆಂದರೆ ಊರಾಚೆಯ ಒಂದು ಹುಲ್ಲುಗಾವಲು. ಸದಸ್ಯರು ಹನ್ನೊಂದು, ಪದಾಧಿಕಾರಿಗಳು ಹದಿಮೂರು. ಇಬ್ಬರು ಎರಡೆರಡು ಹುದ್ದೆ ಹೊತ್ತಿದ್ದಾರೆ. ಅಧ್ಯಕ್ಷರು ವಾವ್ರಾ, ನಿವೃತ್ತ ಸ್ಟೇಷನ್ ಮಾಸ್ಟರ್. ಅವರು ಸೀಟಿ ಊದದೆ ಅಲ್ಲಿ ಗುಬ್ಬಿಯೂ ಹಾರುವಂತಿಲ್ಲ. ಕೊನೆಯ ಹಾರಾಟದ ದಿನ ಹೆಂಗಸರು ನಡುರಾತ್ರಿಗೇ ಮೈದಾನದ ಬದುವಿನಲ್ಲಿ ಒಲೆ ಹೂಡಿ, ದೊಡ್ಡ ತಾಮ್ರದ ಹಂಡೆಯಲ್ಲಿ ಪ್ಲಮ್ ಹಣ್ಣಿನ ಲೇಹ್ಯ ಕಾಯಿಸುವುದು ವಾಡಿಕೆ. ಇಡೀ ಚಳಿಗಾಲಕ್ಕೆ ಹನ್ನೊಂದು ಮನೆಗಳಿಗೆ ಬ್ರೆಡ್ಡಿಗೆ ಹಚ್ಚಲು ಅದೇ. ಆ ಹಂಡೆಯ ಒಡತಿ ನನ್ನ ಅತ್ತೆ. ಉದ್ದ ಹಿಡಿಯ ಮರದ ಹುಟ್ಟನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟಿದ್ದನ್ನು ಯಾರೂ ಕಂಡಿಲ್ಲ. ನೀಲಿ ಹೊಗೆ ಹುಲ್ಲಿನ ಮೇಲೆ ಮೆಲ್ಲಗೆ ಮಲಗಿತ್ತು. ಗಾಳಿಯಿರಲಿಲ್ಲ. ಅಂಥ ದಿನ ಯಾರೂ ಬೀಳಲಾರರು!

"ಅಧ್ಯಕ್ಷರೇ, ಇವೆತಾ ಹಾರಿಸ್ತಾಳಂತೆ," ಎಂದ ರಾದಿಮ್, ಆಸ್ಪತ್ರೆಯಿಂದ ಸುದ್ದಿ ತಂದವನ ದನಿಯಲ್ಲಿ.

ವಾವ್ರಾ ನನ್ನನ್ನು ಬೂಟಿನಿಂದ ತಲೆಯವರೆಗೆ ನೋಡಿದರು. "ಕಲಿಯೋರಿಗೆ ಎರಡು ಪೆಟ್ಟಿಗೆ, ನಡುವೆ ತಂತಿ. ಗುರು ಹತ್ತಿರ ಒಂದು, ಶಿಷ್ಯನ ಹತ್ತಿರ ಒಂದು. ಶಿಷ್ಯ ಎಡವಿದ್ರೆ ಗುರು ಹಿಡ್ಕೋತಾನೆ. ಅದು ನಿಯಮ."

"ಹಗ್ಗ ಕಟ್ಟಿದ ಕರುವಿನ ಹಾಗೆ ನಾನು ಹಾರಿಸೋಲ್ಲ ಸಾರ್. ನನಗೆ ಬರುತ್ತೆ."

"ಎಲ್ಲಿ ಕಲಿತಿರಿ?"

"ಅದೆಲ್ಲ ಯಾಕೆ? ಇಳಿಸಿದ ಮೇಲೆ ಕೇಳಿ."

ಹನ್ನೊಂದು ಟೋಪಿಗಳು ಒಂದರ ಕಡೆಗೊಂದು ತಿರುಗಿದವು. ನಗೆಯಾಡುವ ಅವಕಾಶ ಬಿಡಲು ಅವರಿಗೂ ಮನಸ್ಸಿರಲಿಲ್ಲ. ವಾವ್ರಾ ಸೀಟಿ ಊದಿದರು.

ವಾಡಿಕೆಯಂತೆ ರಾದಿಮ್ ಬೆರ್ತಾಳನ್ನು ನೆಲದಿಂದ ಎಬ್ಬಿಸಿ ಮೇಲೆ ಒಯ್ದ. ಹೊಸಬರಿಗೆ ವಿಮಾನ ಕೊಡುವಾಗ ಮೂರು ತಪ್ಪಿಗೆ ಸಾಲುವಷ್ಟು ಎತ್ತರಕ್ಕೇರಿಸಿ ಕೊಡಬೇಕು ಎಂಬುದು ಈ ಹವ್ಯಾಸದವರ ಲೆಕ್ಕ. ಏರಿಸಿದ. ಪೆಟ್ಟಿಗೆಯನ್ನು ನನ್ನ ಕೈಗಿಡುತ್ತಾ, "ಇವೆತಾ, ಒಂದು ವಿಷ್ಯ, ಬಲಗೈ..." ಎಂದು ಶುರುಮಾಡಿದ.

"ಹೇಳ್ಕೊಡಬೇಡ."

"ಅಲ್ಲ ಕಣೆ, ಕಡ್ಡಿ..."

"ರಾದಿಮ್! ನೀನು ಆ ಕಡೆ ಹೋಗಿ ನಿಂತ್ಕೋ."

ಹೋಗಿ ನಿಂತ. ಬೆರ್ತಾ ಒಂದು ಚಂದದ ತಿರುವು ತೆಗೆದುಕೊಂಡಳು. ನಾನು ತಿರುಗಿಸಿದ ತಿರುವು! ಹಳದಿ ರೆಕ್ಕೆಯ ಮೇಲೆ ಬಿಸಿಲು ಜಾರಿತು. ಆ ಒಂದು ಕ್ಷಣ, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಗಂಡ ನನಗೆ ಅರ್ಥವಾಗಿಬಿಟ್ಟ. ಇನ್ನೂ ಸ್ವಲ್ಪ ಮೇಲೆ ಹೋಗಲಿ ಎಂದು ಬಲಗೈ ಕಡ್ಡಿಯನ್ನು ನನ್ನ ಕಡೆಗೆ ಎಳೆದೆ.

ಎಂಜಿನ್ ನಿಂತುಹೋಯಿತು.

ಈಗ ತಿಳಿದಿದ್ದನ್ನು ಹೇಳುತ್ತೇನೆ. ನನ್ನ ಕಂಪ್ಯೂಟರ್ ಆಟದಲ್ಲಿ ಎಡಗೈ ಕಡ್ಡಿ ಎಂಜಿನ್ನಿಗೆ, ಬಲಗೈ ಕಡ್ಡಿ ಮೇಲೆ ಕೆಳಗೆ ಹೋಗುವುದಕ್ಕೆ. ನಮ್ಮ ಕ್ಲಬ್ಬಿನಲ್ಲಿ ತಿರುಗುಮುರುಗು! ಕ್ಲಬ್ ಕಟ್ಟಿದ ಪುಣ್ಯಾತ್ಮರ ಕೈಗೆ ಅದು ಹಾಗೆ ಒಗ್ಗಿತ್ತಂತೆ. ಅವರ ಕೈ ಹೇಗೋ ಶಿಷ್ಯರ ಕೈ ಹಾಗೆ, ಶಿಷ್ಯರ ಶಿಷ್ಯರದ್ದೂ ಹಾಗೆ. ರಾದಿಮ್ ಹೇಳಹೊರಟಿದ್ದ ಆ ಒಂದು ವಿಷಯ ಇದೇ.

ಎಂಜಿನ್ ನಿಂತಿತಲ್ಲ, ಓಡಿಸೋಣ ಎಂದು ಎಡಗೈ ಕಡ್ಡಿಯನ್ನು ಮುಂದಕ್ಕೆ ತಳ್ಳಿದೆ. ಬೆರ್ತಾ ಮೂಗು ಬಗ್ಗಿಸಿ ನೆಲಕ್ಕೆ ದುಮುಕಿದಳು. ಮೇಲೆತ್ತಲು ಬಲಗೈ ಇನ್ನಷ್ಟು ಎಳೆದೆ. ಇದ್ದಬದ್ದ ಮೂರು ತಪ್ಪುಗಳನ್ನೂ ನಾನು ಮೂರು ಸೆಕೆಂಡಿನಲ್ಲಿ ಖರ್ಚು ಮಾಡಿದ್ದೆ.

"ಎಡಗೈ ಎಳಿ! ಎಡಗೈ!" ರಾದಿಮ್ ಕಿರುಚಿದ.

ಎಳೆದೆ. ಬೆರ್ತಾ ನೆಲಕ್ಕೆ ಒಂದಾಳೆತ್ತರದಲ್ಲಿ ತಲೆಯೆತ್ತಿ, ನೇರ ಪದಾಧಿಕಾರಿಗಳ ಕಡೆ ನುಗ್ಗಿದಳು. ಹದಿಮೂರು ಹುದ್ದೆಗಳೂ ಏಕಕಾಲಕ್ಕೆ ಮಕಾಡೆ ಮಲಗಿದವು! ವಾವ್ರಾ ಮಲಗಿಕೊಂಡೇ ಸೀಟಿ ಊದಿದರು. ಬೆರ್ತಾ ಅವರೆಲ್ಲರ ಬೆನ್ನು ಸವರಿ ಬದುವಿನ ಕಡೆ ತೇಲಿದಳು. ಹಂಡೆಯ ಸುತ್ತಲಿದ್ದ ಹೆಂಗಸರು ಚೆಲ್ಲಾಪಿಲ್ಲಿ.

"ಅಮ್ಮಾ! ಓಡು!" ಎಂದು ಕೂಗಿದ ರಾದಿಮ್.

"ಓಡಿದ್ರೆ ಕಲಕೋರ್ಯಾರು? ತಳ ಹಿಡಿಯುತ್ತೆ!" ಎಂದರು ಅತ್ತೆ.

ಚಳ್! ಬೆರ್ತಾ ಇಳಿದಳು. ಮೂಗು ಲೇಹ್ಯದೊಳಗೆ, ಬಾಲ ಆಕಾಶಕ್ಕೆ, ಎರಡೂ ರೆಕ್ಕೆ ಹಂಡೆಯ ಅಂಚಿನ ಮೇಲೆ. ಬಿಸಿನೀರ ತೊಟ್ಟಿಯಲ್ಲಿ ಕೂತವರು ಮೊಣಕೈ ಊರಿದ ಹಾಗೆ. ಮುಖದ ತುಂಬ ನೇರಳೆ ಚುಕ್ಕೆಗಳಿದ್ದ ಅತ್ತೆ ಅಭ್ಯಾಸಬಲದಿಂದ ಇನ್ನೂ ಎರಡು ಸುತ್ತು, ವಿಮಾನದ ಮೂಗನ್ನು ಬಳಸಿಕೊಂಡು ಕಲಕಿದರು. ಆಮೇಲೆ ಹುಟ್ಟನ್ನು ಕೆಳಗಿಟ್ಟರು.

ಗಂಡಸರು ಎದ್ದುಬಂದು ಹಂಡೆಯ ಸುತ್ತ ನಿಂತು ಟೋಪಿ ತೆಗೆದರು. ವಿಮಾನ ಬಿದ್ದಾಗ ಅವರು ಹಾಗೆಯೇ. ಮನುಷ್ಯರು ಸತ್ತಾಗಲೂ ಇಷ್ಟು ಹೊತ್ತು ನಿಲ್ಲುವುದಿಲ್ಲ.

"ಇಳಿಸಿದ್ದೀನಲ್ಲ," ಎಂದೆ ಸಣ್ಣ ದನಿಯಲ್ಲಿ. "ಎಲ್ಲಿ ಇಳಿಸ್ಬೇಕು ಅಂತ ಮಾತಾಗಿರ್ಲಿಲ್ಲ. ಇಡಿಯಾಗೇ ಇದೆ."

ರಾದಿಮ್ ಬಾಲ ಹಿಡಿದು ಎತ್ತಿದ. ಮೂಗು, ಎಂಜಿನ್ ಸಮೇತ, ಲೇಹ್ಯದಲ್ಲೇ ಉಳಿಯಿತು.

ಅಲ್ಲಿಗೆ ಕೋಣೆ ಹೋಯಿತು. ಲೇಹ್ಯ ಹೋಯಿತು. ಮಾತೂ ಹೋಯಿತು. ನಾನು ಹುಲ್ಲಿನ ಮೇಲೆ ಕೂತಿದ್ದಾಗ ಪದಾಧಿಕಾರಿಗಳು ದೂರ ಹೋಗಿ ಪಿಸುಗುಟ್ಟಿ, ಸಾಲಾಗಿ ವಾಪಸು ಬಂದರು. ವಾವ್ರಾ ಗಂಟಲು ಸರಿಮಾಡಿಕೊಂಡರು.

"ಶ್ರೀಮತಿ ಇವೆತಾ, ವರ್ಷದ ಅತಿ ಸುಂದರ ಪತನಕ್ಕೆ ಕ್ಲಬ್ಬಿನಲ್ಲಿ ಒಂದು ಪಾರಿತೋಷಕ ಇದೆ. ಸಮಿತಿ ಒಮ್ಮತದಿಂದ ನಿಮಗೆ ಕೊಡ್ತಾ ಇದೆ."

ಪಾರಿತೋಷಕವೆಂದರೆ ಒಂದು ರೆಕ್ಕೆ: ಕ್ಲಬ್ಬಿನ ಸ್ಥಾಪಕರು ಹಿಂದೆಂದೋ ಚರ್ಚಿನ ಗಡಿಯಾರದ ಮುಳ್ಳಿಗೆ ಸಿಕ್ಕಿಸಿದ ವಿಮಾನದಲ್ಲಿ ಉಳಿದಿದ್ದು ಅದೊಂದೇ. ಮೂರು ಮೀಟರ್ ಉದ್ದ, ರೇಷ್ಮೆ ಹೊದಿಸಿದ ಕೆಂಪು ರೆಕ್ಕೆ. ಗೆದ್ದವರು ಅದನ್ನು ಒಂದು ವರ್ಷ ಮನೆಯಲ್ಲಿ, ಬೇರೆ ವಿಮಾನಗಳಿಲ್ಲದ ಕೋಣೆಯಲ್ಲಿ, ಗೌರವದಿಂದ ತೂಗುಹಾಕಬೇಕಂತೆ. ಮೂರು ಮೀಟರಿನ ಗೋಡೆ ನಮ್ಮ ಮನೆಯಲ್ಲಿದ್ದದ್ದು ಆ ಹಿತ್ತಲ ಕೋಣೆಯಲ್ಲಿ ಮಾತ್ರ. ರಾದಿಮ್‌ನ ಕಣ್ಣು ತುಂಬಿ ಬಂತು.

"ಒಂಬತ್ತು ವರ್ಷದಿಂದ ಬೀಳಿಸ್ತಾ ಇದ್ದೀನಿ ಇವೆತಾ," ಎಂದ. "ಒಂದ್ಸಲವೂ ನನಗೆ ಕೊಟ್ಟಿಲ್ಲ. ನೀನು ಮೊದಲನೇ ದಿನಾನೇ!"

ನಾಲ್ಕು ವರ್ಷ ಬೇಡಿದರೂ ಖಾಲಿಯಾಗದ ಕೋಣೆ ಅಂದು ಸಂಜೆ ಅರ್ಧ ಗಂಟೆಯಲ್ಲಿ ಖಾಲಿಯಾಯಿತು! ಮೂಗಿಲ್ಲದ ಬೆರ್ತಾಳೂ ಸೇರಿ ಏಳು ವಿಮಾನಗಳೂ ಮಲಗುವ ಕೋಣೆಗೆ ಹೋದವು. ಹೋಗಲಿ ಬಿಡಿ. ನಾನು ಕಿಟಕಿ ಕಂಡೆ. ಅಕ್ರೋಟು ಮರ ಅಲ್ಲೇ ಇತ್ತು, ಒಂದು ಕೊಂಬೆ ಹೆಚ್ಚಾಗಿತ್ತು. ಬಿಸಿಲು ನೆಲಕ್ಕೆ ಇಳಿದು ನನ್ನ ಪಾದ ಮುಟ್ಟಿತು. ಸೋತು ಗೆದ್ದವಳು ಈ ಭೂಮಿಯ ಮೇಲೆ ನಾನೊಬ್ಬಳೇ ಎಂದು ಬೀಗುತ್ತಾ, ಒಂದು ಮಾತೂ ಎತ್ತದೆ, ಮೇಜು ತರಿಸಿ ಕಿಟಕಿಗೆ ಒತ್ತರಿಸಿ ಹಾಕಿದೆ.

ಮಂಗಳವಾರ ವಾವ್ರಾ ತಪಾಸಣೆಗೆ ಬಂದರು. ಗೋಡೆಯ ರೆಕ್ಕೆ ನೋಡಿದರು, ತಲೆಯಾಡಿಸಿದರು. ಕಿಟಕಿ ನೋಡಿದರು, ಹುಬ್ಬು ಗಂಟಿಕ್ಕಿದರು.

"ಇದೇನಮ್ಮಾ ಇಷ್ಟು ಬೆಳಕು? ಹಳೇ ರೇಷ್ಮೆ! ಬಿಸಿಲು ತಾಗಿದ್ರೆ ಬಣ್ಣ ಹೋಗುತ್ತೆ. ಹಗಲೆಲ್ಲ ಮುಚ್ಚಿರ್ಬೇಕು ಇದು."

"ಪರದೆ ಇಲ್ಲವಲ್ಲ ಸಾರ್," ಎಂದೆ, ಒಂದು ಕೊನೆಯ ಆಸೆಯಿಂದ.

"ನಾನು ತಂದಿದ್ದೀನಿ," ಎಂಬ ದನಿ ಬಾಗಿಲಿನಿಂದ ಬಂತು. ಅತ್ತೆ! ಭಾನುವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದವರು. ಕಂಕುಳಲ್ಲಿ ಕಂಬಳಿಯಂಥ ಕಪ್ಪು ಬಟ್ಟೆಯ ಸುರುಳಿ, ಕೈಯಲ್ಲಿ ಸುತ್ತಿಗೆ. ಸ್ಟೂಲು ಹತ್ತಿ ಚೌಕಟ್ಟಿನ ನಾಲ್ಕೂ ಬದಿಗೆ ಮೊಳೆ ಹೊಡೆಯತೊಡಗಿದರು. ಮರ ಹೋಯಿತು, ಬಿಸಿಲು ಹೋಯಿತು.

"ಅತ್ತೆ," ಎಂದೆ ಕತ್ತಲಲ್ಲಿ, "ಇಷ್ಟು ದಪ್ಪದ್ದು ಬೇಕಿತ್ತಾ?"

"ಹದಿನಾಲ್ಕು ಗಂಟೆ ಕಲಕಿದ್ದೆ ಕಣಮ್ಮಾ," ಎಂದು ಅತ್ತೆ ಕೊನೆಯ ಮೊಳೆ ಹೊಡೆದರು.