ದೊಡ್ಡವ್ವ ಹುಡುಕಿದ ಲಿನಕ್ಸ್ ಅಳಿಯ

ನಮ್ಮ ದೊಡ್ಡವ್ವ ಲಿನಕ್ಸ್ ಕಲಿತದ್ದು ಗಂಡನ ಜೊತೆ ಜಗಳವಾಡುವುದಕ್ಕೆ! ನಗಬೇಡಿ. ಲಿನಕ್ಸ್ ಯಾಕೆ ಎಂದು ಕೇಳಿದರೆ ಜನ ನೂರೆಂಟು ಕಾರಣ ಹೇಳುತ್ತಾರೆ. ಪುಕ್ಕಟೆ ಸಿಗುತ್ತದೆ ಅನ್ನುತ್ತಾರೆ, ವೈರಸ್ಸಿನ ಕಾಟವಿಲ್ಲ ಅನ್ನುತ್ತಾರೆ, ಸ್ವಾತಂತ್ರ್ಯ ಗೀತಂತ್ರ್ಯ ಅಂತ ದೊಡ್ಡ ಮಾತೂ ಆಡುತ್ತಾರೆ. ಕಟ್ಟಿಕೊಂಡ ಗಂಡನ ಜೊತೆ ಮೊದಲಿನಂತೆ ಏರುದನಿಯಲ್ಲಿ ಜಗಳ ಮಾಡಬೇಕು ಎಂಬ ಒಂದೇ ಹಟಕ್ಕೆ ಅರವತ್ತು ದಾಟಿದ ಮೇಲೆ ಲಿನಕ್ಸಿಗೆ ಕೈ ಹಾಕಿದವರು ಇಡೀ ಗದಗ ಜಿಲ್ಲೆಯಲ್ಲಿ ನಮ್ಮ ದೊಡ್ಡವ್ವ ಒಬ್ಬಳೇ. ಜಿಲ್ಲೆಯ ಆಚೆಗೂ ಇರಲಿಕ್ಕಿಲ್ಲ ಬಿಡಿ!

ಅವರ ಮನೆ ಇರುವುದು ಲಕ್ಷ್ಮೇಶ್ವರದಲ್ಲಿ. ದೊಡ್ಡಪ್ಪ ಸರಕಾರಿ ಕಚೇರಿಯಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಈ ಗಂಡ ಹೆಂಡತಿಯ ಜಗಳ ನಮ್ಮ ಬಳಗದಲ್ಲಿ ಬಹಳ ಪ್ರಸಿದ್ಧ. ದೊಡ್ಡವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ದೊಡ್ಡಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತ, ಒಬ್ಬರ ಮುಖ ಒಬ್ಬರು ನೋಡದೆ ಗಂಟೆಗಟ್ಟಲೆ ಕಾದಾಡುತ್ತಿದ್ದರು. ಛತ್ರಿ ಎಲ್ಲಿಟ್ಟಿ, ಬೆಕ್ಕನ್ನು ಯಾಕೆ ಒಳಗೆ ಬಿಟ್ಟಿ, ನಿನ್ನ ತಮ್ಮ ಬಂದವನು ಹೇಳದೆ ಯಾಕೆ ಹೋದ, ಯಾವ ವಿಷಯವಾದರೂ ನಡೆಯುತ್ತಿತ್ತು. ಹಾಗೆ ಬೈದಾಡಿಕೊಂಡವರು ಊಟದ ಹೊತ್ತಿಗೆ ಒಂದೇ ತಾಟಿನ ಉಪ್ಪಿನಕಾಯಿಯನ್ನು ಹಂಚಿಕೊಂಡು ತಿನ್ನುವುದನ್ನು ನೋಡಿದರೆ, ಜಗಳವಾಡಿದ್ದು ಇವರೇನಾ ಎಂದು ಅನುಮಾನ ಬರುತ್ತಿತ್ತು.

ಹೀಗಿರುವಾಗ ದೊಡ್ಡಪ್ಪನ ಗಂಟಲಿಗೆ ದೊಡ್ಡ ಆಪರೇಶನ್ ಆಯಿತು. ಪ್ರಾಣ ಉಳಿಯಿತು, ದನಿ ಹೋಯಿತು. ಅವರ ಕೈಗೆ ಒಂದು ಪಾಟಿ ಬಂತು. ಹೇಳಬೇಕಾದ್ದನ್ನು ಅದರ ಮೇಲೆ ಬರೆದು ತೋರಿಸುತ್ತಿದ್ದರು. ದೊಡ್ಡವ್ವ ಒಲೆ ಬಿಟ್ಟು ಎದ್ದು, ಕೈ ಒರೆಸಿಕೊಂಡು, ಚಷ್ಮಾ ಹುಡುಕಿ, ಬೆಳಕಿಗೆ ಹಿಡಿದು ಓದುವಷ್ಟರಲ್ಲಿ ಯಾರ ಸಿಟ್ಟು ತಾನೆ ಉಳಿದೀತು?

"ಜಗಳ ಅಂದ್ರ ಬಿಸಿ ಬಿಸಿ ಇರಬೇಕಲೇ ತಮ್ಮಾ," ಎಂದಳು ಒಂದು ಸಲ ನನ್ನೆದುರು. "ಪಾಟಿ ಓದಿ ಸಿಟ್ಟಿಗೇಳೂದು ಅಂದ್ರ ಅದೆಂಥಾ ಜಗಳಾ? ಈಗೀಗ ಅವರು ಬರಿಯೂದೂ ಬಿಟ್ಟಾರ. ಮನಿ ಗಪ್ಪಾಗೇತಿ ನೋಡು."

ಕೊನೆಯ ಮಾತು ಹೇಳುವಾಗ ಅವಳ ದನಿಯೂ ಗಪ್ಪಾಗಿತ್ತು. ಸಮಾಧಾನಕ್ಕೆಂದು ನಾನು ಒಂದು ಮಾತು ಆಡಿಬಿಟ್ಟೆ. "ಬರದದ್ದನ್ನ ಓದಿ ಹೇಳೋ ಕಂಪ್ಯೂಟರ್ ಇರ್ತಾವ ದೊಡ್ಡವ್ವ. ದೊಡ್ಡಪ್ಪ ಟೈಪ್ ಮಾಡಿದ್ರ ಅದು ಕನ್ನಡದಾಗ ಮಾತಾಡ್ತೈತಿ." ಮುಗಿಯಿತು! ಅಂದಿನಿಂದ ನನ್ನ ಭಾನುವಾರಗಳು ಗದಗ–ಲಕ್ಷ್ಮೇಶ್ವರ ಬಸ್ಸಿನ ಪಾಲಾದವು.

ಫೋನಿನಲ್ಲೇ ಮಾಡಬಹುದಿತ್ತಲ್ಲ ಎನ್ನುತ್ತೀರಾ? ಅದನ್ನೂ ಮಾಡಿ ನೋಡಿದೆವು. ಹತ್ತೂ ಬೆರಳಿನಿಂದ ಟೈಪ್ ಹೊಡೆದ ಮನುಷ್ಯ ಅವರು. ಅವರ ಒಂದು ಬೆರಳು ಊರಿದರೆ ಫೋನಿನಲ್ಲಿ ಮೂರು ಅಕ್ಷರ ಒಟ್ಟಿಗೆ ಮೂಡುತ್ತಿದ್ದವು. ಫೋನನ್ನು ತಲೆದಿಂಬಿನ ಕೆಳಗೆ ತಳ್ಳಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಅವರಿಗೆ ಬೇಕಾದ್ದು ಖಟಖಟ ಅನ್ನುವ ಕೀಲಿಮಣೆ, ಅದೂ ಅವರ ಹಳೆಯ ಟೈಪ್‌ರೈಟರಿನ ಜೋಡಣೆಯಲ್ಲೇ ಇರಬೇಕು.

ಮನೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇತ್ತು. ದೊಡ್ಡವ್ವ ಲಗ್ನ ಕೂಡಿಸುವವಳು. ಶಿರಹಟ್ಟಿ, ಮುಂಡರಗಿ, ಬೆಟಗೇರಿ ಎಂದು ಅವಳು ಕೂಡಿಸಿದ ಜೋಡಿಗಳು ಎಲ್ಲ ಕಡೆ ಇವೆ. ವಧುವರರ ಬಯೋಡಾಟಾ ಅಚ್ಚು ಹಾಕಲು ಆ ಕಂಪ್ಯೂಟರನ್ನು ತಂದಿದ್ದಳು. ಈಗ ಅದನ್ನು ಚಾಲೂ ಮಾಡಿ, ಚಹಾ ಕುದಿಸಿ, ಕುಡಿದು, ಕಪ್ಪು ತೊಳೆದಿಟ್ಟು ಬಂದರೂ ಅದಿನ್ನೂ ಆಕಳಿಸುತ್ತಿರುತ್ತಿತ್ತು.

"ವೈನಿ, ಈ ಡಬ್ಬಿ ಗುಜರಿಗೆ ಹಾಕ್ರಿ," ಎಂದರು ಗಿರಣಿ ಚಾಚಾ. ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಇವರು ದೊಡ್ಡಪ್ಪನ ಹಳೆಯ ಗೆಳೆಯ.

"ನಿಮ್ಮ ಗಿರಣಿಗೂ ಇಷ್ಟ ವಯಸ್ಸಾಗೇತಲ್ಲ, ಅದನ್ನ ಯಾವಾಗ ಹಾಕ್ತೀರಿ?" ಎಂದಳು ದೊಡ್ಡವ್ವ. ಚಾಚಾ ಗಡ್ಡ ಸವರಿಕೊಂಡರು.

ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಮತ್ತೆ ಎದ್ದು ಓಡಾಡುತ್ತದೆ ಎಂದು ನಾನು ಹೇಳಿದೆ. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ, ಬೇರೆ ಬೇರೆ ಗುಂಪಿನವರು ಅದನ್ನು ತಮ್ಮ ತಮ್ಮ ರುಚಿಗೆ ತಕ್ಕಂತೆ ಕಟ್ಟಿ ಬೇರೆ ಬೇರೆ ಹೆಸರಿನಲ್ಲಿ ಹಂಚುತ್ತಾರೆ, ಅಂಥವು ನೂರಾರಿವೆ, ನಮಗೆ ಒಗ್ಗುವುದನ್ನು ನಾವು ಆರಿಸಿಕೊಳ್ಳಬೇಕು ಎಂದು ವಿವರಿಸಿದೆ. ದೊಡ್ಡವ್ವನ ಕಣ್ಣು ಹೊಳೆಯಿತು.

"ನೂರಾರು ವರಾ ಅದಾವ ಅನ್ನು! ಅದೂ ನಮ್ಮ ಮನಿಗೇ ಬಂದು ಇರಾವ. ಮನಿ ಅಳಿಯಾ ಅಂದಂಗಾತು. ಸರಿ, ಒಂದೊಂದ ತಗೀ, ನೋಡೂಣು."

ಅವಳು ವರ ನೋಡುವ ರೀತಿಯೇ ಬೇರೆ. ಹುಡುಗನ ಮನೆಗೆ ಮೊದಲು ಹೋಗುವುದೇ ಇಲ್ಲ! ಆ ಓಣಿಯ ಹಿಟ್ಟಿನ ಗಿರಣಿಗೆ ಹೋಗಿ ಕೂಡುತ್ತಾಳೆ. ಆ ಮನೆಯವರು ಎಷ್ಟು ಜೋಳ ಬೀಸಿಸುತ್ತಾರೆ, ಡಬ್ಬಿ ಹೊತ್ತು ತರುವವರು ಯಾರು, ಪಾಳಿಗೆ ನಿಂತಾಗ ಮಂದಿಯ ಜೊತೆ ಹೇಗಿರುತ್ತಾರೆ ಎಲ್ಲ ಅಲ್ಲಿ ತಿಳಿಯುತ್ತದಂತೆ. ಮನೆಯವರು ಹೇಳುವ ಮಾತನ್ನು ಅವಳು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಲಿನಕ್ಸಿಗೂ ಅದೇ ವಿಚಾರಣೆ ಶುರುವಾಯಿತು. "ಇದು ಭಾಳ ಛಲೋ ಅಂತ ಅವರs ಬರದಾರ ದೊಡ್ಡವ್ವ," ಎಂದು ನಾನು ಒಂದರ ಜಾಲತಾಣ ತೋರಿಸಿದರೆ, "ತಮ್ಮ ಹುಡುಗನ್ನ ಯಾರು ಕೆಟ್ಟಾವ ಅಂತಾರ? ಓಣಿ ಮಂದಿ ಏನಂತಾರ, ಅದನ್ನ ಓದು," ಎನ್ನುತ್ತಿದ್ದಳು. ಬಳಸುವವರು ಪ್ರಶ್ನೆ ಕೇಳಿ ಉತ್ತರ ಪಡೆಯುವ ಚರ್ಚೆಯ ತಾಣಗಳನ್ನೆಲ್ಲ ನಾನು ಕನ್ನಡಕ್ಕೆ ತಿರುಗಿಸಿ ಓದಿ ಹೇಳಬೇಕಾಯಿತು. ಒಂದು ಕಡೆ ಯಾರೋ ಹೊಸಬ ದಾರಿ ಕಾಣದೆ ಏನೋ ಕೇಳಿದ್ದ. ಅಲ್ಲಿಯ ಹಳಬರು, ಮೊದಲು ಪುಸ್ತಕ ಓದಿಕೊಂಡು ಬಾ ಎಂದು ಗದರಿದ್ದರು. "ಬ್ಯಾಡ! ಬಂದಾವಗ ನೀರು ಕೊಡಲಾರದ ಮನಿ ಅದು. ಮುಂದ ನಡೀ," ಎಂದಳು ದೊಡ್ಡವ್ವ. ಆ ವರನ ಹೆಸರು ಇಲ್ಲಿ ಬೇಡ, ಪಾಪ.

ಕಡೆಗೆ ಮಿಂಟ್ ಎನ್ನುವ ವರನ ಸರದಿ ಬಂತು.

"ಯಾರ ಮಗಾ?"

"ಉಬುಂಟು ಅಂತ ಅದಾನಲ್ಲ, ಅವನ ಮಗಾ."

"ಅಜ್ಜಾ?"

"ಡೆಬಿಯನ್."

"ಅಜ್ಜಾ ಗಟ್ಟಿ ಅದಾನೇನು ಇನ್ನೂ?"

"ಕಲ್ಲಗುಂಡ ಇದ್ದಂಗ ಅದಾನ."

"ಹಂಗಾದ್ರ ಮನಿತನ ಛಲೋ ಐತಿ. ಉಣ್ಣೂದು?"

"ಮೂರು ಮಂದಿ ಅಣ್ಣತಮ್ಮರು ಅದಾರ. ಎಲ್ಲಾರಕ್ಕಿಂತ ಸಣ್ಣಾವ ಎಕ್ಸ್‌ಎಫ್‌ಸಿಇ. ಕಡಿಮಿ ಮೆಮರಿ ಉಣ್ತಾನ, ಹಳೇ ಯಂತ್ರಕ್ಕೂ ಹೊಂದ್ಕೋತಾನ."

"ಓಣಿ ಮಂದಿ?"

ಮಿಂಟ್ ಬಳಸುವ ಒಬ್ಬ ಅಜ್ಜ ಕಂಪ್ಯೂಟರಿನಿಂದ ಸದ್ದೇ ಬರುತ್ತಿಲ್ಲ ಎಂದು ಕೇಳಿದ್ದಕ್ಕೆ ಯಾರೋ ಪುಣ್ಯಾತ್ಮ ಚಿತ್ರ ಸಮೇತ ತಿಳಿಸಿ, ಕೊನೆಯಲ್ಲಿ ಆರೋಗ್ಯ ನೋಡಿಕೊಳ್ಳಿ ಎಂದೂ ಬರೆದಿದ್ದ. ಅದನ್ನು ಓದಿದೆ. ದೊಡ್ಡವ್ವ ತೊಡೆ ತಟ್ಟಿದಳು. "ಇಂವನs ನಮ್ಮ ಅಳಿಯಾ!"

ಮುಂದಿನ ಭಾನುವಾರ ಗದಗಿನಿಂದ ಪೆನ್‌ಡ್ರೈವಿನಲ್ಲಿ ಅಳಿಯನನ್ನು ತಂದೆ. ಇದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಒಳಗೆ ಹಾಕದೆಯೇ ನಡೆಸಿ ನೋಡಬಹುದು, ಮನಸ್ಸಿಗೆ ಬಂದರೆ ಇಟ್ಟುಕೊಳ್ಳಬಹುದು ಎಂದೆ.

"ಅಯ್ಯ, ಭಾಳ ಛಲೋ ಪದ್ಧತಿ! ಮನಷ್ಯಾರಿಗೂ ಇದು ಇರಬೇಕಾಗಿತ್ತು ನೋಡು!"

ಮೂಲೆಯಲ್ಲಿದ್ದ ದೊಡ್ಡಪ್ಪ ಎಷ್ಟೋ ದಿನದ ಮೇಲೆ ಪಾಟಿ ಎತ್ತಿಕೊಂಡು ಏನೋ ಗೀಚಿ ತೋರಿಸಿದರು. 'ನನಗೂ ಇರಬೇಕಾಗಿತ್ತು' ಎಂದಿತ್ತು! ನಾನು ಬಿದ್ದು ಬಿದ್ದು ನಕ್ಕೆ. ದೊಡ್ಡವ್ವ "ಏನಂತ? ಏನಂತ?" ಎನ್ನುತ್ತ ಚಷ್ಮಾ ಹುಡುಕಲು ಒಳಗೆ ಹೋದಳು. ಅವಳು ಬಂದು ಓದುವ ಹೊತ್ತಿಗೆ ನನ್ನ ನಗು ಮುಗಿದು, ದೊಡ್ಡಪ್ಪನ ಮುಖವೂ ಬಾಡಿತ್ತು.

ಇಲ್ಲಿಂದ ಅವಳ ಹಟ ನೋಡಬೇಕಿತ್ತು. ವರನನ್ನು ಎಲ್ಲ ಗುಣದಲ್ಲೂ ನೋಡದೆ ಅಕ್ಕಿಕಾಳು ಹಾಕುವ ಜಾಯಮಾನ ಅವಳದ್ದಲ್ಲ. ಸೆಖೆಯಲ್ಲಿ ಹೇಗಿರುತ್ತಾನೆ, ಕರೆಂಟ್ ಹೋಗಿ ಬಂದರೆ ಸಿಟ್ಟಾಗುತ್ತಾನೋ ಹೇಗೆ ಎಂದು ವಾರಗಟ್ಟಲೆ ಪೆನ್‌ಡ್ರೈವಿನಲ್ಲೇ ನಡೆಸಿದಳು. ಹಾಗೆ ನಡೆಸಿದರೆ ಕಂಪ್ಯೂಟರ್ ಬಂದ್ ಆದೊಡನೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ನಮ್ಮ ಕಡೆ ಕರೆಂಟಿನ ಸೊಗಸು ನಿಮಗೆ ಗೊತ್ತೇ ಇದೆ! ಕನ್ನಡ ಹೊಂದಿಸಿ, ಟೈಪ್‌ರೈಟರಿನ ಜೋಡಣೆ ಹುಡುಕಿ, ಅಕ್ಷರ ದೊಡ್ಡದು ಮಾಡಿ ಮುಗಿಸುವಷ್ಟರಲ್ಲಿ ಢಂ! ಮತ್ತೆ ಮೊದಲಿಂದ ಶುರು. ಒಳಗೆ ಹಾಕಿಬಿಡೋಣ ಎಂದು ಕೈಮುಗಿದೆ. "ನಿನಗ ಗಡಿಬಿಡಿ ಇದ್ರ ಬಸ್ ಹತ್ತು," ಎಂದಳು.

ಆದರೆ ಅದರಿಂದ ಏನಾಯಿತು ಅಂತೀರಿ? ಮಾಡಿ ಮಾಡಿ ಅವಳಿಗೆ ಎಲ್ಲ ಬಾಯಿಪಾಠವಾಯಿತು. ತಿಂಗಳೊಪ್ಪತ್ತಿನಲ್ಲಿ, ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಕುಟ್ಟುವ ನನಗೇ "ಅಲ್ಲಲೇ, ಅಲ್ಲಿ ಒತ್ತಬ್ಯಾಡ, ಎಡಕ ಹೋಗು," ಎನ್ನತೊಡಗಿದಳು.

ಇಷ್ಟಾದರೂ ದೊಡ್ಡಪ್ಪನಿಗೆ ಮಾತ್ರ ಕೀಲಿಮಣೆ ಮುಟ್ಟಲು ಬಿಡಲಿಲ್ಲ. ಅವರು ದೂರದಿಂದ ಆಸೆಗಣ್ಣಿನಿಂದ ನೋಡುತ್ತಿದ್ದರು. ಚಾಚಾ ತಡೆಯಲಾರದೆ ಕೇಳಿದರು, "ಯಾಕ ವೈನಿ ಕಾಡಸ್ತೀರಿ?"

"ಆಸೆ ಹಚ್ಚಿ ಆಮ್ಯಾಲ ಇದು ಕೈಕೊಟ್ರ ಅವರ ಮುಖಾ ನಾ ಹೆಂಗ ನೋಡ್ಲಿ ಚಾಚಾ?" ಎಂದಳು.

ಅಂತೂ ಒಂದು ದಿನ ಒಪ್ಪಿಗೆ ಸಿಕ್ಕಿತು. ಪರದೆಯ ಮೇಲೆ ಪ್ರಶ್ನೆ ಬಂತು. ಹಳೆಯದನ್ನೆಲ್ಲ ಅಳಿಸಿಬಿಡಲೇ? "ದೊಡ್ಡವ್ವ, ಬಯೋಡಾಟಾ ಎಲ್ಲಾ ಹೋಗ್ತಾವ!" ಎಂದೆ. "ಹೋಗ್ಲಿ ಬಿಡೋ. ಅವರಿಗೆಲ್ಲಾ ಮಕ್ಕಳು ಹುಟ್ಟಿ ಶಾಲಿಗೆ ಹೊಂಟಾವ," ಎಂದು ತಾನೇ ಒತ್ತಿದಳು!

ಮಾತಾಡುವ ತಂತ್ರಾಂಶ ಹಾಕುವಾಗ ಯಂತ್ರ ಪಾಸ್‌ವರ್ಡ್ ಕೇಳಿತು. ಅಲ್ಲಿ ಎಷ್ಟು ಟೈಪ್ ಮಾಡಿದರೂ ಒಂದು ಚುಕ್ಕಿಯೂ ಕಾಣಿಸುವುದಿಲ್ಲ, ಅದು ಹಾಗೇ. ಕಾಣಿಸದಿದ್ದ ಮೇಲೆ ಯಂತ್ರಕ್ಕೆ ಕೇಳಿಸಲಾದರೂ ಬೇಕಲ್ಲ ಎಂದು ದೊಡ್ಡವ್ವ ಒಂದೊಂದೇ ಅಕ್ಷರವನ್ನು ಕೂಗಿ ಕೂಗಿ ಹೊಡೆದಳು. ಈಗ ಆ ಪಾಸ್‌ವರ್ಡ್ ಓಣಿಗೆಲ್ಲ ಗೊತ್ತು. ಹಾಲಿನವಳು ಮರೆತರೆ ಗಿರಣಿಯಲ್ಲಿ ಕೇಳಿಕೊಳ್ಳುತ್ತಾಳೆ.

ಕೊನೆಗೂ ದೊಡ್ಡಪ್ಪ ಬಂದು ಕುರ್ಚಿಯಲ್ಲಿ ಕೂತರು. ಬೆರಳುಗಳು ಒಂದು ಗಳಿಗೆ ಕೀಲಿಗಳ ಮೇಲೆ ಸುಮ್ಮನೆ ನಿಂತವು. ಆಮೇಲೆ ಶುರುವಾಯಿತು ನೋಡಿ, ಖಟಖಟ ಖಟಖಟ! ನಾವೆಲ್ಲ ಕುರ್ಚಿಯ ಸುತ್ತ ನೆರೆದೆವು. ಚಾಚಾ ಟೋಪಿ ಸರಿಮಾಡಿಕೊಂಡರು. ಧನ್ಯವಾದ ಹೇಳಬಹುದು, ದೇವರನ್ನು ನೆನೆಯಬಹುದು ಎಂದುಕೊಂಡೆವು. ಕಂಪ್ಯೂಟರ್ ಗದಗ ಸ್ಟೇಶನ್ನಿನಲ್ಲಿ ರೈಲು ಬರುವುದನ್ನು ಸಾರುವ ದನಿಯಲ್ಲಿ ಹೇಳಿತು:

"ಮೊನ್ನಿ ಬೆಲ್ಲದ ಹುಗ್ಗಿಗೆ ಉಪ್ಪು ಹಾಕಿದ್ದಿ."

ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತಳು. ಮುಖದಲ್ಲಿ ಆ ಹಳೆಯ ಜಗಳದ ಕಳೆ! "ಏನಂದ್ರಿ? ತಾಟು ನೆಕ್ಕಿ ನೆಕ್ಕಿ ಉಂಡು ಈಗ ಹೇಳ್ತೀರಿ?"

ಖಟಖಟ. "ಪಾಟಿ ಮ್ಯಾಲ ಜಾಗ ಇರಲಿಲ್ಲ."

"ಜಾಗಾ ಇರಲಿಲ್ಲಂತ ಜಾಗಾ! ನಿಮ್ಮ ಅವ್ವ ಮಾಡ್ತಿದ್ದ ಹುಗ್ಗಿ ನಾ ಉಂಡಿಲ್ಲೇನು?" ಎನ್ನುತ್ತ ಅಡುಗೆಮನೆಗೆ ನಡೆದಳು. ಅಲ್ಲಿಂದ ಇವಳು, ಇಲ್ಲಿಂದ ಯಂತ್ರ. ಸಂಜೆಯವರೆಗೆ ನಡೆಯಿತು! ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ಕೇಳಿದರು. ಗೆದ್ದವರು ಯಾರು ಎಂದು ಕೇಳಿದರೆ ನಾನು ಇಬ್ಬರೂ ಎನ್ನುತ್ತೇನೆ.

ಆಮೇಲೆ ದೊಡ್ಡಪ್ಪನ ಆಟ ಹೆಚ್ಚಾಯಿತು. ಅಡರಕಟ್ಟಿಯಿಂದ ಒಬ್ಬ ವರನ ಕಡೆಯವರು ಬಂದಿದ್ದರು. ಹುಡುಗನ ಮಾವ, "ನಮ್ಮ ಹುಡುಗಗ ಚಾ ಬಿಟ್ರ ಏನೂ ಚಟಾ ಇಲ್ರಿ," ಎಂದು ಮುಗಿಸುವುದರೊಳಗೆ ಮೂಲೆಯಿಂದ ಸ್ಟೇಶನ್ನಿನ ದನಿ ಬಂತು. "ಅಂಗಿ ಕಿಸೆದಾಗ ಗುಟಕಾ ಐತಿ." ಹುಡುಗ ಥಟ್ಟನೆ ಕಿಸೆ ಮುಚ್ಚಿಕೊಂಡ! ಅವನು ಗುಟಕಾ ಬಿಟ್ಟ ಮೇಲೆಯೇ ಆ ಲಗ್ನ ಕೂಡಿತು. ಈಗ ಗಂಡಿನ ಕಡೆಯವರು ದೊಡ್ಡವ್ವನಿಗಿಂತ ಆ ಕಂಪ್ಯೂಟರಿಗೇ ಹೆಚ್ಚು ಹೆದರುತ್ತಾರೆ.

ಮೊನ್ನೆ ಹೋದಾಗ ನಾನು ಅಡುಗೆಮನೆಯಲ್ಲಿ ಅವಳ ಪಕ್ಕ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದೆ. ಪಡಸಾಲೆಯಿಂದ ಕರೆ ಬಂತು.

"ಏ, ಕೇಳಸ್ತೇನ?"

ದೊಡ್ಡವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಮತ್ತೆ ಅದೇ ಕರೆ ಬಂತು. ಇವಳು ತಲೆ ಎತ್ತಲಿಲ್ಲ. ಅಯ್ಯೋ, ಇವಳ ಕಿವಿಯೂ ಹೋಯಿತೇ ಎಂದು ನಾನು ಹೆದರಿದೆ. ಸದ್ದು ಜೋರು ಮಾಡಿ ಬರುತ್ತೇನೆ ಎಂದು ಎದ್ದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದು ಜಗ್ಗಿದಳು.

"ಕುಂಡ್ರಲೇ ತಮ್ಮಾ," ಎಂದಳು ಮೆಲ್ಲಗೆ. "ನನಗ ಮೊದಲನೇ ಸಲಾನ ಕೇಳಸೇತಿ. ಅವರ ದನಿ ಹೋದಾಗಿಂದ ಈ ಮನ್ಯಾಗ ನನ್ನ ಯಾರೂ ಕರದಿರಲಿಲ್ಲೋ. ಇನ್ನೊಂದ ಸಲ ಕರೀಲಿ."

ಅವಳ ಕಣ್ಣು ತುಂಬಿತ್ತು. ಪಡಸಾಲೆಯಲ್ಲಿ ಕೀಲಿಗಳು ಮತ್ತೆ ಸಿಟ್ಟಿನಿಂದ ಖಟಗುಟ್ಟಿದವು.

"ಏ, ಕೇಳಸ್ತೇನ?"

ದೊಡ್ಡವ್ವ ಮುಂಗೈಯಿಂದ ಕಣ್ಣೊರೆಸಿಕೊಂಡು, ಇಡೀ ಓಣಿಗೆ ಕೇಳುವಂತೆ ಕೂಗಿದಳು:

"ಇಲ್ರೀ! ಕೇಳಸ್ಲಿಲ್ಲ! ಇನ್ನೊಮ್ಮೆ ಕರೀರಿ!"