ಭಾವನ ಉಪಚಾರಿಯೂ ಥಾಯ್ ಫ್ರೈಡ್ ರೈಸೂ

"ಮಾದೇಶ, ಹಿಂದಕ್ಕೆ ನಿಂತ್ಕೊ! ಇವತ್ತು ಮಂಡ್ಯದಲ್ಲಿ ಚರಿತ್ರೆ ಶುರುವಾಗ್ತದೆ!" ಎಂದು ನಮ್ಮ ಭಾವ ನಿಂಗರಾಜು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದರು.

ನಾನು ಹಿಂದಕ್ಕೆ ನಿಂತೆ. ಭಾವನ ಯಂತ್ರಗಳ ಮುಂದೆ ನಿಲ್ಲಬಾರದೆಂಬ ಬುದ್ಧಿ ನನಗೆ ಹೋದ ವರ್ಷವೇ ಬಂದಿದೆ. ಆಗ ಅವರು ಸೊಳ್ಳೆ ಹೊಡೆಯುವ ಯಂತ್ರ ಕಟ್ಟಿದ್ದರು. ಸೊಳ್ಳೆ ಎಲ್ಲಿ ಕೂತರೂ ಅದು ಗುರಿ ತಪ್ಪದೆ ಹೊಡೆಯುತ್ತಿತ್ತು. ಸೊಳ್ಳೆ ಕೂತದ್ದು ನನ್ನ ಕೆನ್ನೆಯ ಮೇಲೆ. ಭಾವ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರು ನಿವೃತ್ತರಾದ ಮೇಲೆ ಕಾರ್ಖಾನೆ ಸುರಕ್ಷಿತವಾಗಿದೆ, ನಮ್ಮ ಅಕ್ಕನ ಮನೆ ಸುರಕ್ಷಿತವಾಗಿ ಉಳಿದಿಲ್ಲ.

ಹೊಸ ಯಂತ್ರದ ಹೆಸರು ಉಪಚಾರಿ. ಹೊಟ್ಟೆ ಹಳೆಯ ವಾಷಿಂಗ್ ಮೆಷಿನ್ನಿನದು. ಅದರ ಡ್ರಮ್ಮಿನ ಕೆಳಗೆ ಗ್ಯಾಸ್ ಒಲೆ, ಪಕ್ಕದಲ್ಲಿ ಮೂರು ಉದ್ದುದ್ದ ಕೈ, ಕಾಲಿನ ಬದಲು ಚಕ್ರ. ತಲೆಯ ಜಾಗದಲ್ಲಿ ಒಂದು ಕ್ಯಾಮೆರಾ, ಅದಕ್ಕೆ ಎಣ್ಣೆ ಸಿಡಿಯದಂತೆ ಅಕ್ಕನ ಟೀ ಸೋಸುವ ಜಾಲರಿ. ಆ ಜಾಲರಿಗಾಗಿ ಅಕ್ಕ ಮೂರು ದಿನದಿಂದ ಹುಡುಕುತ್ತಿದ್ದಳು.

ಭಾವ ಗುಂಡಿ ಒತ್ತಿದರು. ಡ್ರಮ್ಮು ಗರಗರ ತಿರುಗಿತು. ಬೆಳ್ಳುಳ್ಳಿ ಚಟಪಟ ಎಂದಿತು, ಕೋಳಿಯ ತುಂಡುಗಳು ಬಿದ್ದವು, ಮೊಟ್ಟೆ ಒಡೆಯಿತು, ಮೇಲಿನಿಂದ ಅನ್ನ ಸುರಿಯಿತು. ಒಂದು ಕೈ ಸೂಜಿ ಮೆಣಸಿನಕಾಯಿ ಜಜ್ಜಿತು, ಇನ್ನೊಂದು ನಿಂಬೆಹಣ್ಣು ಹಿಂಡಿತು. ಸ್ವಲ್ಪ ಹೊತ್ತಿನಲ್ಲೇ ನನ್ನ ಮುಂದೆ ಥಾಯ್ ಚಿಕನ್ ಫ್ರೈಡ್ ರೈಸ್ ಬಂದು ಕೂತಿತು. ಸುಳ್ಳು ಹೇಳಬಾರದು, ರುಚಿಯಾಗಿತ್ತು. ಅನ್ನ ಉದುರುದುರಾಗಿತ್ತು, ಮೂಗಿಗೆ ಹೊಗೆಯ ಘಮ ಹತ್ತುತ್ತಿತ್ತು.

"ಚೆನ್ನಾಗದೆ ಭಾವ. ಸಾಕು," ಎಂದೆ.

"ಉಣ್ರಪ್ಪಾ, ನಾಚ್ಕೊಬ್ಯಾಡಿ!" ಎಂದು ಯಂತ್ರ ಹೆಂಗಸಿನ ದನಿಯಲ್ಲಿ ಕೂಗಿ ಇನ್ನೊಂದು ಸೌಟು ಸುರಿಯಿತು.

ದನಿ ಗುರುತು ಹತ್ತಿತು. ಅದು ಭಾವನ ತೀರಿಹೋದ ದೊಡ್ಡಮ್ಮನದು. ಮದುವೆಯ ಮಾರನೆಯ ದಿನ ನಡೆಯುವ ಬೀಗರೂಟಗಳಲ್ಲಿ ಜನರನ್ನು ಬಲವಂತ ಮಾಡಿ ಉಣ್ಣಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಭಾವ ತಮ್ಮ ವಂಶದ ಬೀಗರೂಟದ ವಿಡಿಯೋಗಳನ್ನೆಲ್ಲ ಯಂತ್ರಕ್ಕೆ ತೋರಿಸಿ ಬಡಿಸುವುದನ್ನು ಕಲಿಸಿದ್ದರು.

"ಅಡುಗೆ ಯಾವ ಯಂತ್ರ ಬೇಕಾದ್ರೂ ಮಾಡ್ತದೆ ಕಣೋ! ಇದಕ್ಕೆ ಸಂಕೋಚ ಅರ್ಥ ಆಗ್ತದೆ! ಯಾರಾದ್ರೂ ಸಾಕು ಅಂದ್ರೆ ಇನ್ನೂ ಬೇಕು ಅಂತ ತಿಳ್ಕೊತದೆ!" ಎಂದು ಭಾವ ಎದೆಯುಬ್ಬಿಸಿದರು.

ನನಗೆ ನಿಜವಾಗಿಯೂ ಸಾಕಾಗಿತ್ತು. ಆದರೆ ಅದನ್ನು ಹೇಳುವ ಬೇರೆ ಮಾತು ನಮ್ಮ ಕಡೆ ಇಲ್ಲ. ಪುಣ್ಯಕ್ಕೆ ಪರೀಕ್ಷೆಗೆಂದು ಹಾಕಿದ್ದ ಅನ್ನ ಮುಗಿಯಿತು, ನಾನು ಉಳಿದೆ.

*

ಇಷ್ಟೆಲ್ಲ ಏಕೆಂದರೆ ಆವತ್ತು ಸಂಜೆ ಅಕ್ಕನ ಮಗಳು ಸಿಂಚನಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗಂಡು ಲೋಹಿತ್ ಮಳವಳ್ಳಿ ಹತ್ತಿರ ಕೋಳಿ ಫಾರಂ ನಡೆಸುತ್ತಾನೆ. ಕೋಳಿ ಸಾಕುವವರ ಸಂಘದವರ ಜೊತೆ ಒಮ್ಮೆ ಬ್ಯಾಂಕಾಕಿಗೆ ಹೋಗಿ ಬಂದವನು ಅಲ್ಲಿನ ಫ್ರೈಡ್ ರೈಸಿನ ಮಾತನ್ನು ಇನ್ನೂ ಬಿಟ್ಟಿಲ್ಲ. ಅವನೂ ಸಿಂಚನಳೂ ಕಾಲೇಜಿನಿಂದ ಗುರುತು. ಇಬ್ಬರೂ ಒಪ್ಪಿಯಾಗಿತ್ತು. ಒಪ್ಪಬೇಕಾದವರು ಒಬ್ಬರೇ, ಅವನ ಅಪ್ಪ ಕರೀಗೌಡರು. ಅವರು ಹಿಂದಿನ ಸಂಬಂಧವನ್ನು ನೀರು ಕೊಡುವುದು ತಡವಾಯಿತೆಂದು ಬಿಟ್ಟು ಎದ್ದು ಬಂದವರು.

"ಮಾವ, ನಾನೇ ಬಾಣಲೇಲಿ ಮಾಡ್ತಿದ್ದೆ. ಅಪ್ಪ ಬಿಡ್ತಿಲ್ಲ. ಇವತ್ತೊಂದು ದಿನ ಅವರನ್ನ ತಡೀರಿ. ಲೋಹಿತ್ ಅಪ್ಪ ಎದ್ದು ಹೋದ್ರೆ ನನ್ನ ಕತೆ ಮುಗೀತು," ಎಂದಳು ಸಿಂಚನ. ಅವಳ ಕಣ್ಣು ತುಂಬಿತ್ತು. ಆದರೆ ಭಾವನನ್ನು ತಡೆಯುವುದು ನನ್ನಿಂದಾಗಲಿ, ಅಕ್ಕನಿಂದಾಗಲಿ ಇದುವರೆಗೆ ಆಗಿಲ್ಲ.

ಅಡುಗೆಮನೆಯಲ್ಲಿ ಅಕ್ಕ ಆಗಲೇ ಶುರು ಮಾಡಿದ್ದಳು.

"ಅಲ್ರೀ, ಬೀಗರಾಗೋರಿಗೆ ತಂಗಳನ್ನ ಬಡಿಸ್ತೀರಾ? ತಲೆ ಸರಿ ಇದ್ಯಾ?"

"ಲೇ, ಫ್ರೈಡ್ ರೈಸಿಗೆ ನಿನ್ನೆ ಅನ್ನವೇ ಆಗ್ಬೇಕು! ಬಿಸಿ ಅನ್ನ ಹಾಕಿದ್ರೆ ಮುದ್ದೆ ಆಗೋಗ್ತದೆ. ಬ್ಯಾಂಕಾಕಲ್ಲೂ ಹಂಗೇ ಮಾಡೋದು."

"ಬ್ಯಾಂಕಾಕಿನೋರು ಏನಾರ ಮಾಡ್ಕೊಳ್ಳಲಿ! ಅವರೇನು ನಮ್ಮ ಮಗಳಿಗೆ ಗಂಡು ತಂದಿದ್ದಾರಾ? ಮತ್ತೆ ಆ ಮೀನಿನ ನೀರಿಗೆ ಬೀದಿ ಬೆಕ್ಕೆಲ್ಲ ನಮ್ಮ ಕಾಂಪೌಂಡ್ ಮೇಲೆ ಬಂದು ಕೂತವೆ."

ಅದು ನಿಜ. ಥಾಯ್ ಅಡುಗೆಗೆ ಮೀನಿನ ಸಾಸು ಬೇಕು. ಅದು ಅಂಗಡಿಯಲ್ಲಿ ಸಿಗದಿದ್ದಾಗ ಭಾವ ಒಣಮೀನನ್ನು ಉಪ್ಪುನೀರಲ್ಲಿ ಕುದಿಸಿ ತಮ್ಮ ಹಳೆ ಪಂಚೆಯಲ್ಲಿ ಸೋಸಿದ್ದರು. ಪಂಚೆ ಇನ್ನೂ ಹಿತ್ತಲಲ್ಲಿ ಒಣಗುತ್ತಿತ್ತು.

"ತಂಗಳು ಅಂತ ಯಾರಿಗೆ ಗೊತ್ತಾಗ್ತದೆ? ನಾವು ಹೇಳ್ದಿದ್ರೆ ಆಯ್ತು," ಎಂದು ಭಾವ ಮಾತು ಮುಗಿಸಿದರು.

*

ಕರೀಗೌಡರು ಬಿಳಿ ಪಂಚೆಯಲ್ಲಿ ಬಂದರು. ಜೊತೆಗೆ ಹೆಂಡತಿ ಜಯಮ್ಮ, ಮಗ ಲೋಹಿತ್. ಅಕ್ಕ ಅವರು ಚಪ್ಪಲಿ ಬಿಡುವ ಮೊದಲೇ ನೀರು ಕೊಟ್ಟಳು. ಕರೀಗೌಡರು ನೀರು ಕುಡಿದು, ಗೋಡೆ ನೋಡಿ, ಚಾವಣಿ ನೋಡಿ, "ಮನೆ ವೈನಾಗದೆ," ಎಂದರು. ನಮಗೆಲ್ಲ ಜೀವ ಬಂತು.

ಅಷ್ಟರಲ್ಲಿ ಉಪಚಾರಿ ಚಕ್ರ ಉರುಳಿಸಿಕೊಂಡು ನಡುಮನೆಗೆ ಬಂದು ನಿಂತು ದೊಡ್ಡಮ್ಮನ ದನಿಯಲ್ಲಿ ಸಾರಿತು: "ಬೀಗರು ಬಂದರು! ನಿನ್ನೆಯ ಅನ್ನ ಹಾಕುತ್ತಿದ್ದೇನೆ!"

ಮಾಡುವ ಕೆಲಸವನ್ನೆಲ್ಲ ಒದರುವಂತೆ ಭಾವ ಅದಕ್ಕೆ ಕಲಿಸಿದ್ದರು. ಬೆಳಿಗ್ಗೆ ಆ ಗುಂಡಿ ಒತ್ತಿರಲಿಲ್ಲ, ಸಂಜೆ ಮರ್ಯಾದೆಗೆಂದು ಒತ್ತಿದ್ದರು.

"ಏನಂತು ಅದು? ನಿನ್ನೆ ಅನ್ನವಾ? ನಾವು ತಂಗ್ಳುಣ್ಣಕ್ಕೆ ಮಳವಳ್ಳಿಯಿಂದ ಬಂದ್ವಾ?" ಎಂದರು ಕರೀಗೌಡರು.

"ಅಪ್ಪ, ಫ್ರೈಡ್ ರೈಸ್ ಅಂದ್ರೆ ಹಂಗೇ," ಎಂದು ಲೋಹಿತ್ ಶುರು ಮಾಡಿದ.

"ನೀನು ಸುಮ್ನಿರ್ಲಾ!"

ಉಪಚಾರಿ ಸುಮ್ಮನಿರಲಿಲ್ಲ. "ತುಳಸಿ ಜಾತಿಯ ಎಲೆ ತರುತ್ತೇನೆ!" ಎಂದು ಸೀದಾ ಅಂಗಳಕ್ಕೆ ಉರುಳಿತು. ಥಾಯ್ ಅಡುಗೆಗೆ ತುಳಸಿಯ ನೆಂಟನಾದ ಯಾವುದೋ ಎಲೆ ಹಾಕುತ್ತಾರೆಂದು ಭಾವ ಓದಿ ತುಂಬಿಸಿದ್ದರು. ನೆಂಟ ಯಾರು, ಮನೆಯೊಡತಿ ಯಾರು ಎಂದು ಹೇಳಿಕೊಟ್ಟಿರಲಿಲ್ಲ!

ಅಕ್ಕ ಪೊರಕೆ ಹಿಡಿದು ತುಳಸಿಕಟ್ಟೆಗೆ ಅಡ್ಡ ನಿಂತಳು. "ಮುಟ್ಟಿದ್ರೆ ನೋಡು! ದಿನಾ ದೀಪ ಹಚ್ಚೋ ತುಳಸಿ ಇದು! ಕೋಳಿ ಜೊತೆ ಹುರಿಯಕ್ಕೆ ನೆಟ್ಟಿಲ್ಲ!"

ಯಂತ್ರ ಅವಳನ್ನು ಜಾಲರಿಯ ಹಿಂದಿನಿಂದ ಪರೀಕ್ಷಿಸಿತು. ಅದು ನೋಡಿದ್ದ ವಿಡಿಯೋಗಳಲ್ಲಿ ಊಟದ ಹೊತ್ತಿಗೆ ನಿಂತೇ ಇರುವವರು ಇನ್ನೂ ಪಂಕ್ತಿಗೆ ಕೂರದ ಅತಿಥಿಗಳು. "ಬನ್ರವ್ವಾ, ಜಾಗ ಅದೆ!" ಎಂದು ಅಕ್ಕನನ್ನು ಸೊಂಟ ಹಿಡಿದೆತ್ತಿ ತಂದು ಜಯಮ್ಮನವರ ಪಕ್ಕ ಕೂರಿಸಿತು. ಪೊರಕೆ ಅವಳ ಕೈಯಲ್ಲೇ ಇತ್ತು. ಈ ಗಡಿಬಿಡಿಯಲ್ಲಿ ಯಂತ್ರ ಕುಂಡದಲ್ಲಿದ್ದ ಪುದೀನವನ್ನೇ ಕಿತ್ತುಕೊಂಡು ಹೋಯಿತು. ತುಳಸಿ ಉಳಿಯಿತು.

"ಹೆಣ್ಮಗಳು ತುಳಸಿ ಕಾದ್ಲು. ಅದೊಂದು ಸರಿ," ಎಂದರು ಕರೀಗೌಡರು, ಬೇರೆ ಯಾವುದೂ ಸರಿಯಿಲ್ಲ ಎನ್ನುವ ದನಿಯಲ್ಲಿ.

*

ಊಟ ಬಂತು. ವಿದೇಶದ ಊಟ ಬಾಳೆಲೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲವೆಂದು ಭಾವ ಹೊಸ ಪಿಂಗಾಣಿ ತಟ್ಟೆಗಳನ್ನು ತಂದಿದ್ದರು. ಅನ್ನದ ಮೇಲೆ ಮೊಟ್ಟೆ, ಪಕ್ಕದಲ್ಲಿ ಸೌತೆಕಾಯಿ ಬಿಲ್ಲೆ, ನಿಂಬೆಹೋಳು. ಕರೀಗೌಡರು ಒಂದು ತುತ್ತು ಬಾಯಿಗಿಟ್ಟರು. ನಾವೆಲ್ಲ ಅವರ ದವಡೆಯನ್ನೇ ನೋಡಿದೆವು.

"ರುಚಿ ಏನೋ ಅದೆ. ಆದ್ರೂ ತಂಗ್ಳು ತಂಗ್ಳೇ. ಸಾಕು," ಎಂದರು.

ಬಿತ್ತು ಒಂದು ಸೌಟು.

"ಸಾಕು ಅಂದೆ!" ಬಿತ್ತು ಇನ್ನೊಂದು. ಅವರು ತಟ್ಟೆಗೆ ಕೈ ಅಡ್ಡ ಹಿಡಿದರು. ಯಂತ್ರ ಕೈಮೇಲೆಯೇ ಸುರಿಯಿತು. ಭಾವನ ದೊಡ್ಡಮ್ಮನೂ ಹಾಗೇ ಮಾಡುತ್ತಿದ್ದರು. ಕರೀಗೌಡರು ಏಳಹೋದರು. ಯಂತ್ರದ ಎರಡು ಕೈಗಳು ಪ್ರೀತಿಯಿಂದ ಭುಜ ಹಿಡಿದು ಒತ್ತಿ ಕೂರಿಸಿದವು. "ಏನೂ ಉಣ್ಣಲೇ ಇಲ್ಲವಲ್ಲ ಬೀಗರು!"

"ಭಾವ, ವೈರ್ ಕೀಳಿ!" ಎಂದೆ.

ಭಾವ ಕಿತ್ತರು. ಏನೂ ಆಗಲಿಲ್ಲ. "ಕರೆಂಟ್ ಹೋದ್ರೂ ಉಪಚಾರ ನಿಲ್ಲಬಾರದು ಅಂತ ಒಳಗೆ ಬ್ಯಾಟ್ರಿ ಇಟ್ಟಿದ್ದೆ," ಎಂದರು. ಆ ಗಳಿಗೆಯಲ್ಲೂ ಅವರ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

ಕರೀಗೌಡರು ಕೊನೆಯ ಅಸ್ತ್ರ ತೆಗೆದರು. "ನಾವಿನ್ನು ಬತ್ತೀವಿ. ಮನೆಗೋಗಿ ಯೋಚ್ನೆ ಮಾಡಿ ಹೇಳಿ ಕಳಿಸ್ತೀವಿ."

ಹೆಣ್ಣು ನೋಡಲು ಬಂದವರು ಹೀಗೆಂದರೆ ಅರ್ಥ ಎಲ್ಲರಿಗೂ ಗೊತ್ತು. ಹೇಳಿ ಕಳಿಸುವುದಿಲ್ಲ. ಸಿಂಚನಳ ಮುಖ ಬಾಡಿತು. ಲೋಹಿತ್ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತ. ಆದರೆ ಉಪಚಾರಿಗೆ ಈ ಮಾತಿನ ಅರ್ಥ ಬೇರೆ. ಹೊರಡುತ್ತೇವೆ ಎಂದವರನ್ನು ಬಾಗಿಲಲ್ಲಿ ಅಡ್ಡಗಟ್ಟಿ ಮತ್ತೆ ಉಣ್ಣಿಸುವುದನ್ನು ಅದು ವಿಡಿಯೋದಲ್ಲಿ ನೋಡಿತ್ತು. ಹೋಗಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಿತು!

ಇನ್ನು ನಮ್ಮ ಆಸೆಯೆಲ್ಲ ಅನ್ನ ಮುಗಿಯುವುದರ ಮೇಲೆ. ಅನ್ನ ಮುಗಿಯಿತು. "ಪಕ್ಕದ ಮನೆಯಲ್ಲಿ ಕೇಳಿ ತರುತ್ತೇನೆ!" ಎಂದು ಯಂತ್ರ ಬಾಗಿಲಿನಿಂದಲೇ ಒಂದು ಕೈಯನ್ನು ಕಾಂಪೌಂಡಿನಾಚೆಗೆ ಚಾಚಿ ಚಿಕ್ಕತಾಯಮ್ಮನ ಕಿಟಕಿಯೊಳಗಿಂದ ಅನ್ನದ ಪಾತ್ರೆ ಎತ್ತಿಕೊಂಡಿತು. ಬೆಳಿಗ್ಗೆ ಪರೀಕ್ಷೆ ಮುಗಿದ ಮೇಲೆ ಭಾವ ಅದಕ್ಕೆ ಇದನ್ನೂ ಕಲಿಸಿದ್ದರಂತೆ.

ಚಿಕ್ಕತಾಯಮ್ಮ ಜಗಳಕ್ಕೆ ಸೆರಗು ಕಟ್ಟಿ ಬಂದರು. "ಯಾರ್ರೀ ಅದು ನಮ್ಮನೆ ಅನ್ನ..." ಮಾತು ಮುಗಿಯಲಿಲ್ಲ. ಅವರನ್ನೂ ಎತ್ತಿ ಕೂರಿಸಿ ತಟ್ಟೆ ಕೊಟ್ಟಿತು. ತಿಂದು ನೋಡಿ ಜಗಳ ಮರೆತರು. ಗಲಾಟೆ ನೋಡಲು ಬಂದವರು, ನೋಡಲು ಬಂದವರನ್ನು ಕರೆಯಲು ಬಂದವರು, ಎಲ್ಲರೂ ಪಂಕ್ತಿಗೆ ಕೂತರು. ತಟ್ಟೆ ಸಾಲದೆ ಬಾಂಡಲಿ, ಟಿಫನ್ ಕ್ಯಾರಿಯರ್, ಒಬ್ಬರ ಹೆಲ್ಮೆಟ್ಟು ಬಂತು. ಬೀದಿಯಲ್ಲಿದ್ದ ಅನ್ನವೆಲ್ಲ ಡ್ರಮ್ಮಿಗೆ ಬಿತ್ತು. ಇನ್ನೇನು ಗ್ಯಾಸ್ ತೀರುತ್ತದೆ ಎನ್ನುವಷ್ಟರಲ್ಲಿ ಸಿಲಿಂಡರಿನವನು ಬಂದ! ಯಂತ್ರ ಸಿಲಿಂಡರ್ ಇಸಿದುಕೊಂಡು ಅವನನ್ನೂ ಕೂರಿಸಿತು. ಕೋಳಿ ಮುಗಿದಾಗ ಮಾತ್ರ ಎಲ್ಲರ ಕ್ಷಮೆ ಕೇಳಿತು.

ಕರೀಗೌಡರ ಮುಖ ಕೆಂಪಾಗಿತ್ತು. "ಎದ್ದೇಳೆ ಜಯಾ, ಕಿಟಕಿಯಿಂದಾನಾದ್ರೂ ಹಾರಾನ!" ಎಂದರು.

ಜಯಮ್ಮ ಏಳಲಿಲ್ಲ. ಅಲ್ಲಿಯವರೆಗೆ ಬಾಯಿ ಬಿಡದಿದ್ದವರು ತಟ್ಟೆ ನೋಡುತ್ತಲೇ ಹೇಳಿದರು: "ನೀವೋಗಿ ಬೇಕಾದ್ರೆ. ಮದುವೆಯಾದಾಗಿಂದ ನಾನೇ ಎಲ್ಲಾರ್ಗೂ ಬಡಿಸೀವ್ನಿ. ನನ್ನ ಕೂರಿಸಿ ಇನ್ನೊಂಚೂರು ಉಣ್ಣು ಅಂದೋರಿಲ್ಲ. ಇದು ಅಂತು."

ಕರೀಗೌಡರು ಮತ್ತೆ ಕೂತರು. ನನಗೆ ಅವರನ್ನು ಕಂಡು ಮೊದಲ ಸಲ ಪಾಪ ಅನ್ನಿಸಿತು.

*

ಇಷ್ಟು ಹೊತ್ತೂ ಸಿಂಚನ ಯಂತ್ರದ ಕೈಗಳನ್ನೇ ನೋಡುತ್ತಿದ್ದಳು. ಪ್ರತಿ ಸಲ ಬಡಿಸುವ ಮೊದಲು ಅದರ ಬೆರಳು ತಟ್ಟೆಯ ಅಂಚನ್ನು ಸವರಿ, ಮೇಲಕ್ಕೆತ್ತಲು ನೋಡಿ, ಆಗದೆ, ಸೌಟು ಹಿಡಿಯುತ್ತಿತ್ತು.

"ಮಾವ, ಅದು ಎಲೆ ಹುಡುಕ್ತಾ ಅದೆ!" ಎಂದಳು.

"ಯಾವ ಎಲೆ?"

"ಬಾಳೆಲೆ! ಉಂಡವರು ಎಲೆ ಮಡಚಿದ್ರೆ ತಾನೇ ದೊಡ್ಡಜ್ಜಿ ಬಡಿಸೋದು ನಿಲ್ಲಿಸ್ತಿದ್ದಿದ್ದು? ಸಾಕು ಅಂದ್ರೆ ಯಾವತ್ತಾದ್ರೂ ನಿಲ್ಸವ್ರಾ? ಪಿಂಗಾಣಿ ತಟ್ಟೇನ ಹೆಂಗೆ ಮಡಚೋದು?"

ಭಾವ ಒಂದು ಪಿಂಗಾಣಿ ತಟ್ಟೆ ಎತ್ತಿ ಮಡಚಲು ನೋಡಿದರು. ಅದೊಂದು ದೃಶ್ಯ!

ಸಿಂಚನ ಹಿತ್ತಲಿಗೆ ಓಡಿ ಬಾಳೆಲೆ ಕೊಯ್ದು ತಂದು, ತೊಳೆದು, ಕರೀಗೌಡರ ಮುಂದೆ ಹಾಸಿದಳು. ಅವರ ತಟ್ಟೆಯಲ್ಲಿದ್ದುದನ್ನು ಅದಕ್ಕೆ ಬಗ್ಗಿಸಿ, "ಮಡಚಿ ಮಾವ," ಎಂದಳು. ಅವಳು ಅವರನ್ನು ಮಾವ ಎಂದದ್ದು ಅವಳಿಗೇ ತಿಳಿಯಲಿಲ್ಲ, ಗಾಬರಿಯಲ್ಲಿದ್ದಳು. ಅವರು ಎಲೆಯನ್ನು ತಮ್ಮ ಕಡೆಗೆ ಮಡಚಿದರು.

ಡ್ರಮ್ಮು ನಿಂತಿತು. ಒಲೆ ಆರಿತು. ಇಡೀ ಬೀದಿ ಉಸಿರು ಬಿಟ್ಟಿತು.

ಉಪಚಾರಿ ಕರೀಗೌಡರ ಕೈಗೆ ನೀರು ಹೊಯ್ದಿತು, ಟವೆಲ್ ಕೊಟ್ಟಿತು. ಆಮೇಲೆ ಅದರ ಮೂರನೆಯ ಕೈ ದೇವರ ಮನೆಗೆ ಹೋಗಿ, ಅಕ್ಕ ಒಳ್ಳೆ ಗಳಿಗೆಗೆಂದು ಜೋಡಿಸಿಟ್ಟಿದ್ದ ತಟ್ಟೆಯನ್ನು ತಂದು ಅವರ ಮುಂದೆ ಹಿಡಿಯಿತು. ಅದರಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇದ್ದವು. ಉಂಡು ಕೈ ತೊಳೆದ ಮನುಷ್ಯ ಎಲೆ ಅಡಿಕೆ ಕಂಡರೆ ಏನು ಮಾಡುತ್ತಾನೆ? ಕರೀಗೌಡರು ಎರಡೂ ಕೈ ಚಾಚಿ ತಗೊಂಡರು.

"ಅಯ್ಯೋ, ವೀಳ್ಯ ಈಸ್ಕಂಡ್ರು!" ಎಂದು ಚಿಕ್ಕತಾಯಮ್ಮ ತುಂಬಿದ ಬಾಯಲ್ಲೇ ಕೂಗಿದರು. "ಸಂಬಂಧ ಕುದುರ್ತು! ಬೀಗರೂಟನೂ ಉಂಡಾಯ್ತು! ಇನ್ನು ಮದುವೆ ಯಾವತ್ತು ಗೌಡ್ರೇ?"

ಕರೀಗೌಡರು ಕೈಯಲ್ಲಿದ್ದ ತಟ್ಟೆ ನೋಡಿದರು. ಪಂಕ್ತಿಯನ್ನು ನೋಡಿದರು. ಒಂದು ಬೀದಿಯ ಜನ ಅವರ ಮಗನ ಬೀಗರೂಟ ಉಂಡು ಕೂತಿದ್ದರು. ಇಷ್ಟು ಜನಕ್ಕೆ ಉಣ್ಣಿಸಿದ ಮೇಲೆ ಮದುವೆ ಇಲ್ಲ ಎಂದರೆ ಯಾವ ಮುಖ ಇಟ್ಟುಕೊಂಡು ಮಂಡ್ಯ ಸಂತೆಗೆ ಬರುವುದು? ಸಿಂಚನ ಗೋಡೆಗೆ ಒರಗಿ ನಿಂತಿದ್ದಳು.

"ಈ ಮನೇಲಿ ಬುದ್ಧಿ ಅನ್ನೋದು ಇರೋದು ನಿನಗೊಬ್ಬಳಿಗೇ ಕಣವ್ವ," ಎಂದರು ಅವಳಿಗೆ. "ನಿನ್ನ ಇಲ್ಲಿ ಬಿಟ್ಟೋದ್ರೆ ಅದೂ ಹಾಳಾಯ್ತದೆ. ಕರ್ಕೊಂಡೋಯ್ತೀವಿ."

ಜಯಮ್ಮ ಎದ್ದು ಸಿಂಚನಳ ಕೆನ್ನೆ ಸವರಿದರು. ಅಕ್ಕ ಆಗ ಪೊರಕೆ ಕೆಳಗಿಟ್ಟಳು.

ಮದುವೆ ಮೂರು ತಿಂಗಳಿಗೆ ಆಯಿತು. ನಮ್ಮ ಕಡೆ ಬೀಗರೂಟ ಮೊದಲು, ಮದುವೆ ಆಮೇಲೆ ಆದದ್ದು ಅದೊಂದೇ. ಅಕ್ಕನ ಹಟಕ್ಕೆ ಉಪಚಾರಿಯನ್ನು ಬೀಗ ಹಾಕಿ ಮನೆಯಲ್ಲೇ ಬಿಟ್ಟು, ಛತ್ರದಲ್ಲಿ ಬಡಿಸಲು ಆಳುಗಳನ್ನು ಗೊತ್ತು ಮಾಡಿದ್ದೆವು. ಸಾಕು ಎಂದವರಿಗೆಲ್ಲ ಅವರು ಬಡಿಸುವುದನ್ನು ನಿಲ್ಲಿಸಿಬಿಟ್ಟರಂತೆ. ಗಂಡಿನ ಕಡೆಯವರು ಅರೆಹೊಟ್ಟೆಯಲ್ಲಿ ಎದ್ದು ಹೋದರೆಂದು ಕರೀಗೌಡರು ಇಂದಿಗೂ ಆಡುತ್ತಾರೆ.